ಅಪ್ಪ ಒಪ್ಪಲಿಲ್ಲ, ಮಾರ್ಕೂ ಬರಲಿಲ್ಲ

ಸೀನ ಮಗನ ಇಂಗ್ಲಿಷ್ ಉತ್ತರಪತ್ರಿಕೆಯನ್ನು ಹೋಟೆಲ್ ಟೇಬಲ್ ಮೇಲೆ ಹರಡಿದ. 'ಪರ್ಸುವೇಡ್', ಅಂದ್ರೆ ಮನವೊಲಿಸು, ಅದನ್ನು ಬಳಸಿ ವಾಕ್ಯ ಮಾಡಬೇಕಿತ್ತು. ಹುಡುಗ ಬರೆದದ್ದು ಇದು: 'ಐ ಪರ್ಸುವೇಡೆಡ್ ಮೈ ಫಾದರ್ ಟು ಬೈ ಎ ಸೈಕಲ್, ಬಟ್ ಹಿ ರಿಫ್ಯೂಸ್ಡ್.' ಅದರ ಮೇಲೆ ಕೆಂಪು ಗೀಟು.

"ಇದ್ರಲ್ಲಿ ತಪ್ಪೇನಿದೆ ಹೇಳ್ರೋ? ಅವನು ದುಂಬಾಲು ಬಿದ್ದಿದ್ದು ನಿಜ. ನಾನು ಕೊಡಿಸದೇ ಇದ್ದಿದ್ದೂ ನಿಜ."

"ನೀನು ಕೊಡಿಸೋಕೆ ಒಪ್ಪಿದ್ರೆ ಮಾತ್ರ ಅದು ಪರ್ಸುವೇಡ್ ಕಣೋ," ಅಂದ ರಾಘು. "ಒಪ್ಪದೇ ಇದ್ರೆ 'ಟ್ರೈಡ್ ಟು ಪರ್ಸುವೇಡ್' ಅನ್ಬೇಕು."

"ಮತ್ತೆ ನಾವು 'ಮನೇಲಿ ಎಷ್ಟು ಕನ್ವಿನ್ಸ್ ಮಾಡಿದ್ರೂ ಒಪ್ಪಲಿಲ್ಲ' ಅಂತ ದಿನಾ ಹೇಳ್ತೀವಲ್ಲ?"

"ಅದು ಕನ್ನಡದ ಕನ್ವಿನ್ಸ್! ಇಂಗ್ಲಿಷಿನವನು ಕೇಳಿದ್ರೆ ಬೆಪ್ಪಾಗ್ತಾನೆ. ನಮ್ಮ ಪೇಪರಿನವರು ನೋಡು, ಎಷ್ಟು ಹುಷಾರು. ಅತೃಪ್ತ ಶಾಸಕರ 'ಮನವೊಲಿಸಲು ಯತ್ನ' ಅಂತಾರೆ. ಆ 'ಯತ್ನ' ಅನ್ನೋ ಪದ ಬಿಟ್ಟು ಬರೆದರೆ ಮಾರನೇ ದಿನ ಸರ್ಕಾರ ಬಿದ್ದು ಪೇಪರಿನ ಮಾನ ಹೋಗುತ್ತೆ."

"ಸರಿ, ಟ್ರೈಡ್ ಸೇರಿಸಿದ್ರೆ ಮುಗೀತು."

"ಇಲ್ಲಾ ಸೈಕಲ್ ಕೊಡಿಸು. ಕೊನೇ ಮೂರು ಪದ ಹೊಡೆದುಹಾಕಿದ್ರೆ ವಾಕ್ಯ ತಾನೇ ಸರಿಹೋಗುತ್ತೆ."

ಸೀನ ಪೇಪರ್ ಮಡಚಿಟ್ಟ.

ಅಷ್ಟರಲ್ಲಿ ಗಿರಿ, "ಕನ್ವಿನ್ಸ್, ಪರ್ಸುವೇಡ್ ಎರಡೂ ಒಂದೇ ಅಲ್ವಾ?" ಅಂತ ಬಾಯಿ ಹಾಕಿದ. ರಾಘುಗೆ ಇಷ್ಟೇ ಸಾಕಿತ್ತು. ನಂಬಿಸಿದ್ರೆ ಕನ್ವಿನ್ಸ್, ಮಾಡೋಕೆ ಹೊರಡಿಸಿದ್ರೆ ಪರ್ಸುವೇಡ್ ಅನ್ನೋದು ಹಳೇ ಮೇಷ್ಟ್ರುಗಳ ಲೆಕ್ಕವಂತೆ. ಈಗ ಎರಡನ್ನೂ ಕಲಸಿಬಿಟ್ಟಿದ್ದಾರೆ. ನನಗಂತೂ ಹಳೇ ಲೆಕ್ಕವೇ ಇಷ್ಟ. ಯಾಕಂದ್ರೆ ಉದಾಹರಣೆ ಎದುರಿಗೇ ಕೂತಿತ್ತು.

"ಗಿರಿ, ನಿನ್ನ ಸಿಗರೇಟ್ ಪ್ಯಾಕ್ ತೆಗಿ," ಅಂದೆ ನಾನು. "ಶೇಕಡ 85 ಜಾಗ ಎಚ್ಚರಿಕೆಗೇ ಹೋಗಿದೆ. ಸೇದಿದ್ರೆ ಕೆಟ್ಟದ್ದು ಅಂತ ನಿಂಗೆ ನಂಬಿಕೆ ಇದೆಯೋ ಇಲ್ವೋ?"

"ನೂರಕ್ಕೆ ನೂರು."

"ಬಿಡ್ತೀಯಾ?"

"ಛೆ, ಛೆ."

"ನೋಡಿ, ಪೂರ್ತಿ ಕನ್ವಿನ್ಸ್, ಪರ್ಸುವೇಡ್ ಸೊನ್ನೆ!"

ರಾಘು ಲ್ಯಾಟಿನ್ನಿಗೆ ಇಳಿದ. ಕನ್ವಿನ್ಸ್‌ನ ಬೇರು 'ಗೆಲ್ಲು'. ಅಂದ್ರೆ ವಾದದಲ್ಲಿ ಕೆಡವೋದು. ಪರ್ಸುವೇಡ್‌ನ ಬೇರು ಸಂಸ್ಕೃತದ 'ಸ್ವಾದು'ವಿಗೂ ಇಂಗ್ಲಿಷಿನ 'ಸ್ವೀಟ್'ಗೂ ನೆಂಟ. ಹಾಗಾಗಿ ಬೈದು ಪ್ರಯೋಜನವಿಲ್ಲ, ಸಿಹಿಯಾಗಿ ಹೇಳಬೇಕು ಅಂತ ತೀರ್ಮಾನವಾಯಿತು. ಮೂವರೂ ಸೇರಿ ಗಿರಿಗೆ ಚಿನ್ನ, ರನ್ನ, ರಾಜ ಅಂತ ಕಾಲು ಗಂಟೆ ಬುದ್ಧಿ ಹೇಳಿದೆವು. ಸೀನ ಅವನ ಗಲ್ಲ ಬೇರೆ ಸವರಿದ.

ಗಿರಿ ಎಲ್ಲದಕ್ಕೂ ತಲೆಯಾಡಿಸಿದ. ಆಮೇಲೆ ಎದ್ದು ಹೊರಗೆ ಹೋಗಿ ಒಂದು ಹಚ್ಚಿದ.

"ಟ್ರೈಡ್ ಸೇರಿಸ್ಕೊಳ್ರಪ್ಪಾ!"