ಹಳೆಯ ಮೌಂಟನ್ ಬೈಕಿಗೆ ವೇಗದ ಮೋಟರ್: ಕಟ್ಟಿ ಓಡಿಸಿದವರ ಮಾತು

ಕೇಳಿದ್ದು

ನನ್ನ ಬಳಿ 26 ಇಂಚಿನ ಚಕ್ರಗಳ, ಅಲ್ಯೂಮಿನಿಯಂ ಫ್ರೇಮಿನ ಹಳೆಯ ಮೌಂಟನ್ ಬೈಕ್ ಇದೆ. ಮುಂದೆ ಸಸ್ಪೆನ್ಷನ್ ಫೋರ್ಕ್ ಇದೆ, ಹಿಂದೆ ಇಲ್ಲ. ಎರಡೂ ಚಕ್ರಗಳಿಗೆ ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್. ಇದಕ್ಕೆ ಮನೆಯಲ್ಲೇ ಮೋಟರ್ ಕೂರಿಸಿ ಗಂಟೆಗೆ 50 ಕಿ.ಮೀ. ವೇಗ ಪಡೆಯಬೇಕೆಂಬ ಆಸೆ. ಸೈಕಲ್ ಬಿಚ್ಚಿ ಜೋಡಿಸುವುದು ಗೊತ್ತು, ಬೆಸುಗೆ ಹಾಕುವುದೂ ಬರುತ್ತದೆ. ಹಿಂದಿನ ಚಕ್ರದ ನಡುವೆ ಕೂರುವ ಹಬ್ ಮೋಟರ್ ಒಳ್ಳೆಯದೋ, ಪೆಡಲಿನ ಬಳಿ ಕೂರುವ ಮಿಡ್ ಡ್ರೈವ್ ಒಳ್ಳೆಯದೋ? "72 ವೋಲ್ಟ್ ಹಾಕಿಬಿಡು, ಬೇರೆ ಯೋಚನೆಯೇ ಬೇಡ" ಎಂದು ಒಬ್ಬರು ಹೇಳಿದ್ದಾರೆ. ಕಟ್ಟಿ ಓಡಿಸಿದವರು ದಯವಿಟ್ಟು ತಿಳಿಸಿ.

ಹಬ್ ಮೋಟರ್ ಬಳಸುವವರು

72 ವೋಲ್ಟ್ ಎಂದು ಹೇಳಿದವರು ನಿಮ್ಮ ಸೈಕಲನ್ನು ನೋಡಿ ಹೇಳಿರಲಾರರು. ವೋಲ್ಟಿನ ಮಾತಿಗೆ ಮೊದಲು ಗಾಳಿಯ ಲೆಕ್ಕ ಮಾಡೋಣ. ಮೌಂಟನ್ ಬೈಕಿನ ಮೇಲೆ ನೆಟ್ಟಗೆ ಕುಳಿತವರಿಗೆ ಸಮತಟ್ಟಾದ ರಸ್ತೆಯಲ್ಲಿ 25 ಕಿ.ಮೀ. ವೇಗಕ್ಕೆ ಸುಮಾರು 200 ವಾಟ್ ಸಾಕು. 50ಕ್ಕೆ ಸುಮಾರು 1,100 ವಾಟ್ ಬೇಕು. 60 ಎಂದರೆ 1,800 ದಾಟುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನದಂತೆ ಏರುವುದರಿಂದ ಕೊನೆಯ ಹತ್ತು ಕಿ.ಮೀ. ಯಾವಾಗಲೂ ದುಬಾರಿ. ಮೋಟರ್ ಮತ್ತು ಅದಕ್ಕೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್ ನೂರಕ್ಕೆ ಎಂಬತ್ತರ ದಕ್ಷತೆಯಲ್ಲಿ ಕೆಲಸ ಮಾಡುತ್ತವೆ ಎಂದುಕೊಂಡರೆ, 50ರ ವೇಗಕ್ಕೆ ಬ್ಯಾಟರಿಯಿಂದ 1,400 ವಾಟ್ ಹೊರಡಬೇಕು. 52 ವೋಲ್ಟ್, 30 ಆಂಪಿಯರ್ ಎಂದರೆ 1,560 ವಾಟ್. ನಿಮ್ಮ ಆಸೆ ಅಲ್ಲಿಗೇ ಪೂರೈಸುತ್ತದೆ.

ಆದರೆ ವಾಟ್ ಇದ್ದರಷ್ಟೇ ವೇಗ ಬರುವುದಿಲ್ಲ, ಮೋಟರಿನ ಸುತ್ತುವಿಕೆಯೂ ಅದಕ್ಕೆ ಹೊಂದಬೇಕು. ಕೊಳ್ಳುವಾಗ 'ಎಷ್ಟು ವಾಟ್' ಎಂದು ಕೇಳುವುದರ ಜೊತೆಗೆ 'ವೋಲ್ಟಿಗೆ ಎಷ್ಟು ಆರ್‌ಪಿಎಂ' ಎಂದೂ ಕೇಳಿ. ವೋಲ್ಟಿಗೆ 10 ಸುತ್ತು ಕೊಡುವ ಮೋಟರ್ 52 ವೋಲ್ಟಿನಲ್ಲಿ ನಿಮಿಷಕ್ಕೆ 520 ಸುತ್ತು ತಿರುಗುತ್ತದೆ. 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಸಾಗುವುದರಿಂದ, ಚಕ್ರ ಗಾಳಿಯಲ್ಲಿರುವಾಗ ಅದು 64 ಕಿ.ಮೀ. ತೋರಿಸುತ್ತದೆ. ಭಾರ ಹೊತ್ತಾಗ ಐದನೇ ಒಂದು ಭಾಗ ಇಳಿದು 50ರ ಆಸುಪಾಸಿಗೆ ನಿಲ್ಲುತ್ತದೆ. ಬ್ಯಾಟರಿ ಖಾಲಿಯಾದಂತೆ ವೋಲ್ಟ್ ಇಳಿದು ವೇಗವೂ ಇಳಿಯುತ್ತದೆ. ಅದು ಕೆಡುಕಲ್ಲ, ಅದರ ಸ್ವಭಾವ.

ನನ್ನ ಮತ ಗಿಯರ್ ಇಲ್ಲದ ಡೈರೆಕ್ಟ್ ಡ್ರೈವ್ ಹಬ್ ಮೋಟರಿಗೆ. ಭಾರ ನಿಜ, ಎತ್ತಿಕೊಂಡು ಮೆಟ್ಟಿಲು ಹತ್ತುವವರಿಗಲ್ಲ. ಆದರೆ ಒಳಗೆ ಸವೆಯುವ ಹಲ್ಲುಗಳಿಲ್ಲ, ಸದ್ದಿಲ್ಲ, ಚೈನಿನ ಮೇಲೆ ಹೊರೆಯಿಲ್ಲ. ಗಿಯರ್ ಇರುವ ಸಣ್ಣ ಹಬ್ ಮೋಟರ್ ಹಗುರ, ನಿಂತಲ್ಲಿಂದ ಚುರುಕಾಗಿ ಎಳೆಯುತ್ತದೆ. ಅದರೊಳಗಿನ ನೈಲಾನ್ ಗಿಯರುಗಳು ಮಾತ್ರ 1,500 ವಾಟನ್ನು ಬಹಳ ಕಾಲ ಸಹಿಸುವುದಿಲ್ಲ.

ಮಿಡ್ ಡ್ರೈವ್ ಪಕ್ಷದವರು

ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಅವರು ಸಮತಟ್ಟಾದ ರಸ್ತೆಯನ್ನು ಮಾತ್ರ ಲೆಕ್ಕ ಹಾಕಿದ್ದಾರೆ. ನಿಮ್ಮ ದಾರಿಯಲ್ಲಿ ಏರು ಇದೆಯೇ? ಕಡಿದಾದ, ಉದ್ದವಾದ ಏರಿನಲ್ಲಿ ಹಬ್ ಮೋಟರ್ ನಿಧಾನವಾಗಿ ತಿರುಗುತ್ತಾ ಪೂರ್ತಿ ಕರೆಂಟ್ ಕುಡಿಯುತ್ತದೆ. ಆ ಕರೆಂಟಿನ ಬಹುಪಾಲು ಚಕ್ರಕ್ಕೆ ಹೋಗದೆ ತಾಮ್ರದ ಸುರುಳಿಯಲ್ಲಿ ಶಾಖವಾಗುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಮಿಡ್ ಡ್ರೈವ್ ನಿಮ್ಮ ಸೈಕಲಿನ ಗಿಯರುಗಳ ಮೂಲಕವೇ ಎಳೆಯುವುದರಿಂದ ಏರಿಗೆ ಗಿಯರ್ ಇಳಿಸಿದರಾಯಿತು, ಮೋಟರ್ ತನ್ನ ಹದವಾದ ವೇಗದಲ್ಲೇ ತಿರುಗುತ್ತಿರುತ್ತದೆ.

ನಿಮ್ಮ ಸೈಕಲ್ ಹಳೆಯದಾಗಿರುವುದು ಅದೃಷ್ಟ. ಪೆಡಲಿನ ಅಚ್ಚು ಕೂರುವ ಕೊಳವೆ 68 ಅಥವಾ 73 ಮಿ.ಮೀ. ಅಗಲವಿದ್ದು ಒಳಗೆ ಥ್ರೆಡ್ ಇದ್ದರೆ ಬಫಾಂಗ್‌ನ ಬಿಬಿಎಸ್02, ಬಿಬಿಎಸ್‌ಎಚ್‌ಡಿ ಥರದ ಮೋಟರುಗಳು ನೇರವಾಗಿ ಕೂರುತ್ತವೆ. ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ ಹೊಸ ಬಗೆಗಳಾದರೆ ಅಡಾಪ್ಟರ್ ಹುಡುಕಬೇಕು. ಹಾಗೆಯೇ ಹಿಂದಿನ ಚಕ್ರದ ಜಾಗ 135 ಮಿ.ಮೀ. ಇರುವ ಹಳೆಯ ಫ್ರೇಮುಗಳಿಗೆ ಹಬ್ ಮೋಟರ್ ಸುಲಭ. ಫ್ರೇಮಿನ ತೂತಿನೊಳಗೆ ತೂರಿಸುವ ಅಚ್ಚಿನ (ಥ್ರೂ ಆಕ್ಸಲ್) 142, 148 ಮಿ.ಮೀ. ಫ್ರೇಮುಗಳಲ್ಲಿ ಸಾಮಾನ್ಯ ಹಬ್ ಮೋಟರ್ ಕೂರುವುದಿಲ್ಲ. ಆದ್ದರಿಂದ ಮೊದಲು ಅಳತೆ, ಆಮೇಲೆ ಖರೀದಿ.

ಮಿಡ್ ಡ್ರೈವಿನ ದಂಡ ಬೀಳುವುದು ಚೈನಿಗೆ. ಭಾರ ಬಿದ್ದಿರುವಾಗಲೇ ಗಿಯರ್ ಬದಲಾಯಿಸಿದರೆ ಚೈನು ಕಿತ್ತುಬರುತ್ತದೆ, ಸ್ಪ್ರಾಕೆಟಿನ ಹಲ್ಲು ಬಾಗುತ್ತದೆ. ಗಿಯರ್ ಕೇಬಲ್ ಅಲುಗಿದ ಕೂಡಲೇ ಮೋಟರನ್ನು ಕ್ಷಣಕಾಲ ನಿಲ್ಲಿಸುವ ಗಿಯರ್ ಸೆನ್ಸರ್ ಸಿಗುತ್ತದೆ, ಅದನ್ನು ಹಾಕಿಸಿಕೊಳ್ಳಿ. ಹಿಂದೆ ಅಲ್ಯೂಮಿನಿಯಂ ಸ್ಪ್ರಾಕೆಟ್ ಬೇಡ, ಉಕ್ಕಿನದೇ ಇರಲಿ.

ಒಂದು ಮಾತು ಹಬ್ ಮೋಟರಿನವರಿಗೆ. 50ರ ವೇಗದಲ್ಲಿ ನೀವು ಪೆಡಲ್ ತುಳಿಯುತ್ತೀರೋ, ಗಾಳಿಯಲ್ಲಿ ಕಾಲಾಡಿಸುತ್ತೀರೋ? ಮುಂದೆ 42, ಹಿಂದೆ 14 ಹಲ್ಲಿದ್ದರೆ ಆ ವೇಗಕ್ಕೆ ನಿಮಿಷಕ್ಕೆ 134 ಬಾರಿ ತುಳಿಯಬೇಕು. ಮುಂದೆ 48, ಹಿಂದೆ 11 ಆದರೆ 92ಕ್ಕೆ ಇಳಿಯುತ್ತದೆ, ಅದು ಮನುಷ್ಯರ ಕಾಲಿಗೆ ಒಗ್ಗುವ ಲೆಕ್ಕ.

ಸೈಕಲ್ ರಿಪೇರಿ ಮಾಡುವವರು

ಮೋಟರ್ ಕೂರಿಸಿದ ಸೈಕಲುಗಳು ನನ್ನ ಕೈಗೆ ಬರುವುದು ಮೋಟರ್ ಕೆಟ್ಟು ಅಲ್ಲ. ಕಡ್ಡಿ ಮುರಿದು, ಬ್ರೇಕ್ ಸವೆದು, ಫ್ರೇಮಿನಲ್ಲಿ ಅಚ್ಚು ಕೂರುವ ಸೀಳು, ಅಂದರೆ ಡ್ರಾಪ್‌ಔಟ್ ಹರಿದು ಬರುತ್ತವೆ. ಇಲ್ಲಿ ಎಲ್ಲರೂ ಹೇಗೆ ಓಡಿಸಬೇಕೆಂದು ಹೇಳುತ್ತಿದ್ದಾರೆ, ಹೇಗೆ ನಿಲ್ಲಿಸಬೇಕೆಂದು ಯಾರೂ ಹೇಳಿಲ್ಲ.

25ರ ವೇಗಕ್ಕೆ ಹೋಲಿಸಿದರೆ 50ರಲ್ಲಿ ಬ್ರೇಕ್ ಹೀರಬೇಕಾದ ಶಕ್ತಿ ನಾಲ್ಕು ಪಟ್ಟು, ಅದರ ಮೇಲೆ ಬ್ಯಾಟರಿ ಮತ್ತು ಮೋಟರಿನ ಭಾರ ಬೇರೆ. ಕೇಬಲ್ ಡಿಸ್ಕ್ ಇದಕ್ಕೆ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೈಡ್ರಾಲಿಕ್ ಬ್ರೇಕ್, ಸಾಧ್ಯವಾದರೆ ನಾಲ್ಕು ಪಿಸ್ಟನ್ನಿನದು, ಹಾಕಿ. ಮುಂದಿನ ಡಿಸ್ಕ್ 160 ಮಿ.ಮೀ. ಇದ್ದರೆ 180 ಅಥವಾ 203ಕ್ಕೆ ಏರಿಸಿ. ಆದರೆ ನಿಮ್ಮ ಫೋರ್ಕ್ ಎಷ್ಟು ದೊಡ್ಡ ಡಿಸ್ಕನ್ನು ತಾಳುತ್ತದೆ ಎಂದು ಅದರ ತಯಾರಕರು ನಮೂದಿಸಿರುತ್ತಾರೆ, ಅದನ್ನು ಮೀರಬೇಡಿ. ಬ್ರೇಕ್ ಹಿಡಿಕೆ ಒತ್ತಿದೊಡನೆ ಮೋಟರ್ ನಿಲ್ಲಿಸುವ ಸ್ವಿಚ್ ಕಡ್ಡಾಯ. ವೇಗ ಏರಿಸಲು ತಿರುಗಿಸುವ ಕೆಲವು ಥ್ರಾಟಲುಗಳ ನೆಗೆಟಿವ್ ತಂತಿ ಕಡಿದರೆ ಕಂಟ್ರೋಲರ್ ಅದನ್ನು 'ಪೂರ್ತಿ ವೇಗ' ಎಂದು ಓದುತ್ತದೆ. ಆ ಹೊತ್ತಿನಲ್ಲಿ ಕಾಯುವುದು ಈ ಸ್ವಿಚ್ ಒಂದೇ.

ಹಬ್ ಮೋಟರ್ ಹಾಕುವುದಾದರೆ ಟಾರ್ಕ್ ಆರ್ಮ್, ಅಂದರೆ ಅಚ್ಚು ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಲೋಹದ ಪಟ್ಟಿ, ಇಲ್ಲದೆ ರಸ್ತೆಗೆ ಇಳಿಯಬೇಡಿ. ಚಕ್ರ ಮುಂದಕ್ಕೆ ತಿರುಗಿದಷ್ಟೇ ಬಲದಿಂದ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ಅಚ್ಚಿನ ಎರಡು ಚಪ್ಪಟೆ ಬದಿಗಳನ್ನು ಹಿಡಿದಿರುವುದು ಡ್ರಾಪ್‌ಔಟಿನ ತೆಳು ಅಲ್ಯೂಮಿನಿಯಂ ಅಷ್ಟೇ. ಅದು ಒಮ್ಮೆ ಅಗಲವಾದರೆ ಅಚ್ಚು ಗಿರ್ರನೆ ಸುತ್ತಿ ಮೋಟರಿನ ತಂತಿಗಳನ್ನು ತಿರುಚಿ ಕತ್ತರಿಸುತ್ತದೆ. ಬ್ರೇಕ್ ಒತ್ತಿದಾಗ ಬ್ಯಾಟರಿಗೆ ಕರೆಂಟ್ ಮರಳಿಸುವ ವ್ಯವಸ್ಥೆ ಇದ್ದರೆ ಬಲ ಹಿಂದೆ ಮುಂದೆ ಎರಡೂ ಕಡೆಗೆ ಬೀಳುವುದರಿಂದ ನಟ್ ಇನ್ನೂ ಬೇಗ ಸಡಿಲವಾಗುತ್ತದೆ. ಎರಡೂ ಬದಿಗೆ ಆರ್ಮ್ ಹಾಕಿ. ಸಸ್ಪೆನ್ಷನ್ ಫೋರ್ಕಿಗೆ, ಅಂದರೆ ಮುಂದಿನ ಚಕ್ರಕ್ಕೆ, ಇಷ್ಟು ಶಕ್ತಿಯ ಮೋಟರ್ ಬೇಡವೇ ಬೇಡ. ಅಲ್ಲಿ ಅಚ್ಚು ಕಳಚಿದರೆ ನೀವು ಹಾರುವುದು ಹ್ಯಾಂಡಲಿನ ಮೇಲಿಂದ.

ಕಡ್ಡಿಯ ವಿಷಯದಲ್ಲಿ ದಪ್ಪ ಹೆಚ್ಚಿದಷ್ಟೂ ಗಟ್ಟಿ ಎಂಬ ನಂಬಿಕೆ ತಪ್ಪು. ದಪ್ಪ ಕಡ್ಡಿಯನ್ನು ಸಾಕಷ್ಟು ಬಿಗಿ ಮಾಡುವ ಮೊದಲೇ ರಿಮ್ ಸೋಲುತ್ತದೆ, ಬಿಗಿಯಿಲ್ಲದ ಕಡ್ಡಿ ಅಲುಗಾಡಿ ಬಾಗಿದ ಕುತ್ತಿಗೆಯಲ್ಲೇ ಮುರಿಯುತ್ತದೆ. 13 ಗೇಜಿನ ಕಡ್ಡಿ, ಎರಡು ಗೋಡೆಯ ರಿಮ್, ಹಬ್ ದೊಡ್ಡದಾದ್ದರಿಂದ ಒಂದು ಕಡ್ಡಿ ಇನ್ನೊಂದನ್ನು ಒಮ್ಮೆ ಮಾತ್ರ ಅಡ್ಡಹಾಯುವ ಹೆಣಿಗೆ: ಇಷ್ಟು ಸಾಕು. ಮಣ್ಣಿನ ದಾರಿಯ ಗುಬುಟು ಟಯರ್ ತೆಗೆದು ನುಣುಪಾದ, ಅಗಲದ ಟಯರ್ ಹಾಕಿ. ಶಕ್ತಿಯೂ ಉಳಿಯುತ್ತದೆ, ಒದ್ದೆ ರಸ್ತೆಯ ತಿರುವಿನಲ್ಲಿ ಹಿಡಿತವೂ ಇರುತ್ತದೆ.

ಬ್ಯಾಟರಿ ಕಟ್ಟುವವರು

ಬೆಸುಗೆ ಬರುತ್ತದೆ ಎಂದಿರಿ. ಅದನ್ನು ತಂತಿಗೆ ಮಾತ್ರ ಬಳಸಿ. ಲಿಥಿಯಂ ಸೆಲ್ಲಿನ ಮೈಗೆ ನೇರವಾಗಿ ಬೆಸುಗೆ ಹಾಕಿದರೆ ಆ ಶಾಖ ಒಳಗಿನ ತೆಳು ಪದರಕ್ಕೆ ಇಳಿಯುತ್ತದೆ. ಹಾನಿ ಹೊರಗೆ ಕಾಣುವುದಿಲ್ಲ. ಸೆಲ್ಲುಗಳನ್ನು ನಿಕಲ್ ಪಟ್ಟಿಯಿಂದ ಸ್ಪಾಟ್ ವೆಲ್ಡ್ ಮಾಡಬೇಕು. ಮೊದಲ ಸಲ ಕಟ್ಟುವವರು ಪ್ಯಾಕನ್ನು ಸಿದ್ಧವಾಗಿ ಕೊಳ್ಳುವುದೇ ಮೇಲು ಎಂದು, ಇದೇ ಕೆಲಸ ಮಾಡುವ ನಾನು ಹೇಳುತ್ತಿದ್ದೇನೆ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲುಗಳ ಹತ್ತಿರವೂ ಸುಳಿಯಬೇಡಿ. ಅವು ಇಷ್ಟು ಕರೆಂಟ್ ಕೊಡಲು ಹುಟ್ಟಿದವಲ್ಲ.

48 ವೋಲ್ಟ್ ಎಂದರೆ ಒಂದರ ಹಿಂದೊಂದು ಸರಣಿಯಲ್ಲಿ ಸೇರಿಸಿದ 13 ಸಾಲು ಸೆಲ್, ಪೂರ್ತಿ ತುಂಬಿದಾಗ 54.6 ವೋಲ್ಟ್. 52 ಎಂದರೆ 14 ಸಾಲು, ತುಂಬಿದಾಗ 58.8. 72 ಎಂದರೆ 20 ಸಾಲು, 84 ವೋಲ್ಟ್. 48 ವೋಲ್ಟಿನ ಎಷ್ಟೋ ಕಂಟ್ರೋಲರುಗಳ ಒಳಗಿರುವ ಕೆಪಾಸಿಟರ್ 63 ವೋಲ್ಟಿನದು. ಅದಕ್ಕೆ 58.8 ಸಹ್ಯ, 84 ಕೊಟ್ಟರೆ ಪಟಾಕಿ. ಚಾರ್ಜರ್ ಕೂಡ ಅದಲುಬದಲು ಮಾಡುವಂತಿಲ್ಲ. 58.8ರ ಚಾರ್ಜರನ್ನು 13 ಸಾಲಿನ ಪ್ಯಾಕಿಗೆ ಚುಚ್ಚಿದರೆ ಪ್ರತಿ ಸೆಲ್ಲಿಗೂ 4.5 ವೋಲ್ಟ್ ದಾಟಲು ನೋಡುತ್ತದೆ; ಮಿತಿ 4.2. ಪ್ಯಾಕಿನೊಳಗೆ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟಾದ ಬಿಎಂಎಸ್ ತಡೆಯಬೇಕು, ಆದರೆ ಕೊನೆಯ ಕಾವಲುಗಾರನನ್ನೇ ದಿನನಿತ್ಯದ ಕೆಲಸಕ್ಕೆ ಹಚ್ಚಬಾರದು.

30 ಆಂಪಿಯರ್ ಎಳೆಯುವ ಕಂಟ್ರೋಲರಿಗೆ ಪ್ರತಿ ಸಾಲಿನಲ್ಲಿ ಸಮಾನಾಂತರವಾಗಿ ನಾಲ್ಕು ಸೆಲ್ ಇದ್ದರೆ ಒಂದೊಂದಕ್ಕೆ ಏಳೂವರೆ ಆಂಪಿಯರ್ ಹೊರೆ. ಸೆಲ್ ತಯಾರಕರು ನಿರಂತರವಾಗಿ ಎಷ್ಟು ಎಳೆಯಬಹುದು ಎಂದಿದ್ದಾರೋ ಅದರ ಅರ್ಧ, ಮುಕ್ಕಾಲಿನೊಳಗೆ ಇರುವಂತೆ ಪ್ಯಾಕ್ ಆರಿಸಿ. ಬಿಎಂಎಸ್ ಕೂಡ ಕಂಟ್ರೋಲರಿಗಿಂತ ಹೆಚ್ಚಿನ ಆಂಪಿಯರಿನದಿರಲಿ. ಬ್ಯಾಟರಿಯ ಪಾಸಿಟಿವ್ ತಂತಿಯಲ್ಲಿ ಡಿಸಿ ಫ್ಯೂಸ್ ಇರಲೇಬೇಕು. ಪ್ಲಗ್ ಸೇರಿಸುವಾಗ ಬರುವ ಕಿಡಿ ಕ್ರಮೇಣ ಪ್ಲಗ್ಗನ್ನೇ ತಿನ್ನುತ್ತದೆ. ಒಳಗೆ ರೆಸಿಸ್ಟರ್ ಇರುವ ಎಕ್ಸ್‌ಟಿ90-ಎಸ್ ಪ್ಲಗ್ ಹಾಕಿದರೆ ಆ ಕಾಟವಿಲ್ಲ.

ದೂರದ ಅಂದಾಜು ಬೇಕಿದ್ದರೆ, 52 ವೋಲ್ಟ್, 15 ಆಂಪಿಯರ್-ಅವರ್ ಪ್ಯಾಕ್ ಹೆಚ್ಚುಕಡಿಮೆ 780 ವಾಟ್-ಅವರ್. 25ರ ವೇಗದಲ್ಲಿ ಅದು 75 ಕಿ.ಮೀ. ಹತ್ತಿರ ಒಯ್ಯುತ್ತದೆ, ಸತತ 50ರಲ್ಲಿ 27ಕ್ಕೇ ಮುಗಿಯುತ್ತದೆ. ಪ್ಯಾಕನ್ನು ಫ್ರೇಮಿನ ತ್ರಿಕೋನದೊಳಗೆ ಕೂರಿಸಿ, ಹಿಂದಿನ ಕ್ಯಾರಿಯರ್ ಮೇಲೆ ಬೇಡ. ನೀರಿನ ಬಾಟಲಿಯ ಎರಡು ಸ್ಕ್ರೂಗಳನ್ನಷ್ಟೇ ನಂಬದೆ ಪಟ್ಟಿಯನ್ನೂ ಬಿಗಿಯಿರಿ. ಚಾರ್ಜ್ ಮಾಡುವಾಗ ನೀವು ಎಚ್ಚರವಾಗಿರಿ, ಬ್ಯಾಟರಿ ಹೊರಬಾಗಿಲ ದಾರಿಯಲ್ಲಿ ಇರದಿರಲಿ. ಬೆಂಕಿ ಹೊತ್ತಿದ ಲಿಥಿಯಂ ಪ್ಯಾಕನ್ನು ಬಟ್ಟೆ ಮುಚ್ಚಿ ಆರಿಸಲಾಗುವುದಿಲ್ಲ.

ಇನ್ನೊಬ್ಬರು

ನಾನು ಕಟ್ಟಿದ್ದು 50ಕ್ಕೆ, ಓಡಿಸುವುದು 35ರಲ್ಲಿ. ಗುಂಡಿ ಕಂಡು ತಪ್ಪಿಸಲು ಅಲ್ಲಿಯವರೆಗೆ ಮಾತ್ರ ಸಮಯ ಸಿಗುತ್ತದೆ, ಕಾರಿನವರೂ ಸೈಕಲ್ ಇಷ್ಟು ಬೇಗ ಬರುತ್ತದೆಂದು ಎಣಿಸಿರುವುದಿಲ್ಲ. ಕಾನೂನನ್ನೂ ನೋಡಿಕೊಳ್ಳಿ. ಐರೋಪ್ಯ ಒಕ್ಕೂಟದಲ್ಲಿ 250 ವಾಟ್ ಅಥವಾ 25 ಕಿ.ಮೀ. ದಾಟಿದರೆ ಅದು ಸೈಕಲ್ ಎನಿಸಿಕೊಳ್ಳುವುದಿಲ್ಲ. ಇಂಥ ಮಿತಿ ಇನ್ನೂ ಹಲವು ದೇಶಗಳಲ್ಲಿದೆ. ಅದನ್ನು ಮೀರಿದ ಮೇಲೆ ನೋಂದಣಿ, ವಿಮೆ, ಪರವಾನಗಿಯ ಪ್ರಶ್ನೆ ಬರುತ್ತದೆ, ಅಪಘಾತವಾದರೆ ಮೊದಲು ಅದನ್ನೇ ಕೇಳುತ್ತಾರೆ. ಕಂಟ್ರೋಲರಿನಲ್ಲಿ ವೇಗದ ಮಿತಿ ಹಾಕಲು ಬರುತ್ತದೆ.

ಕೇಳಿದವರು ಮತ್ತೆ

ಎಲ್ಲರಿಗೂ ವಂದನೆಗಳು. ದಾರಿಯಲ್ಲಿ ದೊಡ್ಡ ಏರಿಲ್ಲದ ಕಾರಣ ಹಬ್ ಮೋಟರ್, 52 ವೋಲ್ಟಿನ ಸಿದ್ಧ ಪ್ಯಾಕ್ ತಂದೆ, ಬ್ರೇಕುಗಳನ್ನೂ ಬದಲಾಯಿಸಿದೆ. ಮೋಟರ್ ಮತ್ತು ಕಂಟ್ರೋಲರ್ ಬೇರೆಬೇರೆ ಕಡೆಯವು. ಬಣ್ಣಕ್ಕೆ ಬಣ್ಣ ಜೋಡಿಸಿ ಥ್ರಾಟಲ್ ಕೊಟ್ಟರೆ ಚಕ್ರ ನಡುಗಿ ಗೊರಗುಟ್ಟುತ್ತದೆ, ತಿರುಗುವುದಿಲ್ಲ. ಮೋಟರ್ ಹಾಳಾಗಿದೆಯೇ?

ಹಬ್ ಮೋಟರ್ ಬಳಸುವವರು

ಹಾಳಾಗಿರಲಾರದು, ತಂತಿಗಳ ಕ್ರಮ ತಪ್ಪಿದೆ. ಬಣ್ಣವನ್ನು ತಯಾರಕರು ತಮಗೆ ತೋಚಿದಂತೆ ಕೊಡುತ್ತಾರೆ. ಕಂಟ್ರೋಲರಿಗೆ 'ಸೆಲ್ಫ್ ಲರ್ನಿಂಗ್' ತಂತಿ ಇದ್ದರೆ, ಚಕ್ರವನ್ನು ನೆಲದಿಂದ ಎತ್ತಿ ಅದರ ಜೋಡಿ ಕೂಡಿಸಿ; ಕ್ರಮವನ್ನು ಅದೇ ಕಂಡುಕೊಳ್ಳುತ್ತದೆ. ಇಲ್ಲದಿದ್ದರೆ ಮೋಟರ್ ಯಾವ ಸ್ಥಾನದಲ್ಲಿದೆ ಎಂದು ಕಂಟ್ರೋಲರಿಗೆ ತಿಳಿಸುವ ತೆಳುವಾದ ಹಾಲ್ ಸೆನ್ಸರ್ ತಂತಿಗಳನ್ನು ಇದ್ದಂತೆಯೇ ಬಿಟ್ಟು, ಮೋಟರಿಗೆ ಕರೆಂಟ್ ಒಯ್ಯುವ ದಪ್ಪನೆಯ ಮೂರು ಫೇಸ್ ತಂತಿಗಳನ್ನು ಮಾತ್ರ ಬದಲಾಯಿಸುತ್ತ ಹೋಗಿ. ಸಾಧ್ಯವಿರುವ ಜೋಡಣೆ ಆರು, ಸರಿಯಾದದ್ದು ಒಂದು. ಸರಿಯಾದುದರಲ್ಲಿ ಚಕ್ರ ಸದ್ದಿಲ್ಲದೆ ತಿರುಗುತ್ತದೆ, ಖಾಲಿ ಚಕ್ರಕ್ಕೆ ಕರೆಂಟೂ ತೀರಾ ಕಡಿಮೆ. ನುಣ್ಣಗೆ ತಿರುಗಿದರೂ ಹಿಮ್ಮುಖವಾಗಿ ತಿರುಗಿದರೆ, ಹಾಲ್ ತಂತಿಗಳಲ್ಲಿ ಸಂಕೇತ ಒಯ್ಯುವ ಮೂರರ ಪೈಕಿ ಎರಡನ್ನು ಅದಲುಬದಲು ಮಾಡಿ ಫೇಸ್ ತಂತಿಗಳನ್ನು ಮತ್ತೆ ಹುಡುಕಿ. ಹಾಲ್ ಪ್ಲಗ್ಗಿನ 5 ವೋಲ್ಟ್ ಮತ್ತು ನೆಗೆಟಿವ್ ತಂತಿಗಳನ್ನು ಮಾತ್ರ ಮುಟ್ಟಬೇಡಿ.

ಪ್ರತಿ ಬದಲಾವಣೆಗೂ ಮುನ್ನ ಬ್ಯಾಟರಿ ಪ್ಲಗ್ ತೆಗೆಯಿರಿ, ಥ್ರಾಟಲನ್ನು ಕೂದಲೆಳೆಯಷ್ಟೇ ತಿರುಗಿಸಿ, ತಪ್ಪು ಜೋಡಣೆಯಲ್ಲಿ ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಸರಿಯಾದ ಮೇಲೆ ಮೋಟರಿನ ಕೇಬಲನ್ನು ಅಚ್ಚಿನಿಂದ ಹೊರಬರುವಲ್ಲಿ ಕೆಳಕ್ಕೆ ಬಾಗಿಸಿ ಕಟ್ಟಿ, ಮಳೆನೀರು ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಮೊದಲ ಸವಾರಿ ಮುಗಿಸಿ ಬಂದೊಡನೆ ಅಚ್ಚಿನ ನಟ್, ಟಾರ್ಕ್ ಆರ್ಮಿನ ಬೋಲ್ಟ್, ಕಡ್ಡಿಗಳ ಬಿಗಿ ಮತ್ತೊಮ್ಮೆ ನೋಡಿ. ಹೊಸ ಚಕ್ರದಲ್ಲಿ ಇವೆಲ್ಲವೂ ಮೊದಲ ಭಾರಕ್ಕೆ ಸ್ವಲ್ಪ ಸಡಿಲವಾಗುತ್ತವೆ.