ಡಿಸ್ಕವರಿ 4: ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಕೂತಿರುತ್ತೆ, ಸಿ1ಎ20 ಕೋಡ್. ಕಂಪ್ರೆಸರ್ ಬದಲಿಸಲೇಬೇಕಾ?

ತೋಟದ ಡಿಸ್ಕೋ (ಮೂಡಿಗೆರೆ)

ಗಾಡಿ 2011ರ ಲ್ಯಾಂಡ್ ರೋವರ್ ಡಿಸ್ಕವರಿ 4, 3.0 ಡೀಸೆಲ್, ಏರ್ ಸಸ್ಪೆನ್ಷನ್ (ಸ್ಪ್ರಿಂಗ್ ಬದಲು ನಾಲ್ಕು ಮೂಲೆಗೂ ಗಾಳಿ ಚೀಲ, ಅಂದ್ರೆ ಏರ್‌ಬ್ಯಾಗ್), ಓಡಿರೋದು 1.38 ಲಕ್ಷ ಕಿ.ಮೀ. ರಾತ್ರಿ ಶೆಡ್ಡಿಗೆ ಹಾಕುವಾಗ ಎತ್ತರ ಸರಿಯಾಗೇ ಇರುತ್ತೆ. ಬೆಳಗ್ಗೆ ನೋಡಿದ್ರೆ ನಾಲ್ಕೂ ಮೂಲೆ ಕೆಳಗೆ, ಟೈರಿಗೂ ಮೇಲಿನ ಆರ್ಚಿಗೂ ನಡುವೆ ಬೆರಳು ಹೋಗೋದೂ ಕಷ್ಟ. ಸ್ಟಾರ್ಟ್ ಮಾಡಿದ್ಮೇಲೆ ಮೊದಲು ಹಿಂಭಾಗ ಏಳುತ್ತೆ, ಮುಂಭಾಗ ತುಂಬಾ ನಿಧಾನ. ಈಗ ಅಂಬರ್ ದೀಪ ಹತ್ತಿ 'ನಾರ್ಮಲ್ ಹೈಟ್ ಓನ್ಲಿ' ಅಂತ ತೋರಿಸ್ತಿದೆ, ಆಫ್‌ರೋಡ್ ಎತ್ತರಕ್ಕೆ ಹೋಗ್ತಿಲ್ಲ. ಸ್ಕ್ಯಾನ್ ಮಾಡಿಸಿದ್ರೆ ಸಿ1ಎ20. ಗ್ಯಾರೇಜಿನವರು ಕಂಪ್ರೆಸರ್ ಹೋಗಿದೆ, ಹೊಸದು ತರಿಸಿ ಅಂತಿದಾರೆ. ದುಡ್ಡು ಕಟ್ಟೋ ಮುಂಚೆ ನಾನೇ ನೋಡಬಹುದಾದ್ದು ಏನಿದೆ?

ಗಾಳಿಪೆಟ್ಟಿಗೆ (ಹಾಸನ)

ಕಂಪ್ರೆಸರ್ ಆರ್ಡರ್ ಸದ್ಯಕ್ಕೆ ಬೇಡ ಸರ್. ಸಿ1ಎ20 ಹೇಳೋದು ಇಷ್ಟೇ: ಸಸ್ಪೆನ್ಷನ್ನಿನ ಗಾಳಿ ಟ್ಯಾಂಕಿಗೆ ಗಾಳಿ ತುಂಬೋವಾಗ ಒತ್ತಡ ಏರಬೇಕಾದಷ್ಟು ಬೇಗ ಏರ್ತಿಲ್ಲ. ಕಂಪ್ರೆಸರ್ ಸವೆದಿದ್ರೂ ಹೀಗಾಗುತ್ತೆ, ತುಂಬಿದ ಗಾಳಿ ಎಲ್ಲೋ ಸೋರ್ತಿದ್ರೂ ಆಗುತ್ತೆ, ಕಂಪ್ರೆಸರಿಗೆ ವೋಲ್ಟೇಜ್ ಸಾಲದಿದ್ರೂ ಆಗುತ್ತೆ. ಆದ್ರೆ ನಿಮ್ಮ ಗಾಡಿ ನಿಂತಲ್ಲೇ ಇಳೀತಿದೆ. ಕಂಪ್ರೆಸರ್ ಎಷ್ಟೇ ಹಾಳಾಗಿದ್ರೂ ನಿಂತ ಗಾಡಿಯನ್ನ ಕೆಳಗಿಳಿಸಲ್ಲ, ಆ ಕೆಲಸ ಸೋರಿಕೆಯದ್ದು. ಸೋರಿಕೆ ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಹಾಕಿಸಿದ್ರೆ ಅದೂ ದಿನಾ ಅತಿಯಾಗಿ ಓಡಿ ಹಳೇದರ ದಾರಿ ಹಿಡಿಯುತ್ತೆ.

ನಾಲ್ಕೂ ಮೂಲೆ ಕೆಳಗಿದೆ ಅಂದ್ರೆ ನಾಲ್ಕೂ ಸೋರ್ತಿವೆ ಅಂತ ಅಲ್ಲ. ಇಗ್ನಿಷನ್ ಆಫ್ ಆದ್ಮೇಲೂ ಸಸ್ಪೆನ್ಷನ್ ಇಸಿಯು (ಅದನ್ನ ನಡೆಸೋ ಕಂಪ್ಯೂಟರ್) ಕೆಲವು ಗಂಟೆಗೊಮ್ಮೆ ಎಚ್ಚರಾಗಿ ಎತ್ತರ ನೋಡುತ್ತೆ. ಇಂಜಿನ್ ಓಡ್ತಿಲ್ಲವಾದ್ರಿಂದ ಬಿದ್ದ ಮೂಲೆಯನ್ನ ಎತ್ತಲ್ಲ, ಗಾಡಿ ಓರೆಯಾಗಬಾರದು ಅಂತ ಉಳಿದ ಮೂರನ್ನೇ ಅದರ ಮಟ್ಟಕ್ಕೆ ಇಳಿಸುತ್ತೆ. ಒಂದು ಮೂಲೆ ಸೋರಿದ್ರೂ ಬೆಳಗ್ಗೆ ನಾಲ್ಕೂ ಕೂತಿರೋದು ಇದಕ್ಕೇ. ಕಳ್ಳ ಯಾರು ಅಂತ ಗೊತ್ತಾಗ್ಬೇಕಾದ್ರೆ ಇಸಿಯು ರಾತ್ರಿಯಿಡೀ ಮಲಗಿರಬೇಕು.

ಸಂಜೆ ಗಾಡಿಯನ್ನ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ. ಕಾಫಿ ಕಣ ಆದ್ರೂ ಸರಿ, ನೀರು ಹರಿಯೋಕೆ ಕೊಟ್ಟಿರೋ ಸಣ್ಣ ಇಳಿಜಾರಿನಿಂದ ತೊಂದರೆ ಇಲ್ಲ. ನಾರ್ಮಲ್ ಎತ್ತರಕ್ಕೆ ತನ್ನಿ. ಪ್ರತಿ ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ ಆರ್ಚಿನ ಅಂಚಿನವರೆಗೆ ಟೇಪ್ ಹಿಡಿದು ಮಿ.ಮೀ. ಲೆಕ್ಕದಲ್ಲಿ ಬರ್ಕೊಳ್ಳಿ. ನೆಲದಿಂದ ಅಳೀಬೇಡಿ, ಟೈರ್ ಗಾಳಿ ಹೆಚ್ಚುಕಮ್ಮಿ ಇದ್ರೆ ಲೆಕ್ಕ ತಪ್ಪುತ್ತೆ. ಕೀ ತೆಗೆದು ಐದು ನಿಮಿಷ ಕಾದು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಿಂದಿನ ಬಾಗಿಲು ಕರೆಂಟಿನಲ್ಲಿ ತೆಗೆಯೋದಾದ್ರಿಂದ ಬೇಕಾದ ಸಾಮಾನು ಮೊದಲೇ ಹೊರಗಿಟ್ಕೊಳ್ಳಿ. ಹನ್ನೆರಡು ಗಂಟೆ ಬಿಟ್ಟು, ಬ್ಯಾಟರಿ ಹಾಕೋ ಮುಂಚೆ, ಬಾಗಿಲೂ ತೆಗೆಯದೆ ಮತ್ತೆ ಅಳೀರಿ.

ಎಲ್ಲ ಮೂಲೆಯೂ ಐದು-ಹತ್ತು ಮಿ.ಮೀ. ಇಳಿದಿದ್ರೆ ತಲೆ ಕೆಡಿಸ್ಕೋಬೇಡಿ. ಮಧ್ಯಾಹ್ನದ 28 ಡಿಗ್ರಿ ರಾತ್ರಿ 16ಕ್ಕೆ ಬಂದ್ರೆ ಚೀಲದೊಳಗಿನ ಗಾಳಿ ಸುಮಾರು ಶೇ. 4ರಷ್ಟು ಕುಗ್ಗುತ್ತೆ. ಒಂದೇ ಮೂಲೆ ಬಿದ್ದಿದ್ರೆ ಆ ಏರ್‌ಬ್ಯಾಗು, ಅದರ ಪೈಪು ಅಥವಾ ವಾಲ್ವ್ ಬ್ಲಾಕಿನಲ್ಲಿ (ಚೀಲಗಳಿಗೆ ಗಾಳಿ ಬಿಡೋ-ತಡೆಯೋ ವಾಲ್ವ್‌ಗಳ ಡಬ್ಬಿ) ಆ ಪೈಪ್ ಸೇರೋ ಜಾಗ. ಒಂದೇ ಆಕ್ಸಲಿನ ಎಡ-ಬಲ ಎರಡೂ ಸಮವಾಗಿ ಬಿದ್ದಿದ್ರೆ ಮೊದಲ ಅನುಮಾನ ಆ ಆಕ್ಸಲಿನ ವಾಲ್ವ್ ಬ್ಲಾಕ್ ಮೇಲೆ. ಎರಡು ಬದಿಯನ್ನ ಒಂದಕ್ಕೊಂದು ತೆರೆಯೋ ಕ್ರಾಸ್‌ಲಿಂಕ್ ವಾಲ್ವ್ ಸರಿಯಾಗಿ ಮುಚ್ಚಿರಲ್ಲ, ಒಂದು ಬದಿಯ ಸೋರಿಕೆ ಇನ್ನೊಂದರ ಗಾಳಿಯನ್ನೂ ಎಳೆಯುತ್ತೆ. ಯಾವ ಮೂಲೆಯೂ ಬೀಳದೆ, ಬೆಳಗ್ಗೆ ಮೇಲೇರೋಕೆ ಮಾತ್ರ ನಿಧಾನ ಆದ್ರೆ ಟ್ಯಾಂಕ್ ಕಡೆ ನೋಡ್ಬೇಕು.

ಬ್ಯಾಟರಿ ವಾಪಸ್ ಹಾಕಿದ್ಮೇಲೆ ಒಂದಷ್ಟು ದೀಪ ಹತ್ತುತ್ತೆ. ಇಂಜಿನ್ ಸ್ಟಾರ್ಟ್ ಮಾಡಿ ಸ್ಟೀರಿಂಗನ್ನ ಎಡ ತುದಿಯಿಂದ ಬಲ ತುದಿಗೆ ಪೂರ್ತಿ ತಿರುಗಿಸಿ, ಹೋಗುತ್ತೆ.

ಘಾಟಿ ಗೇರ್ (ಸಕಲೇಶಪುರ)

ಇಷ್ಟೆಲ್ಲ ತಲೆನೋವು ಯಾಕೆ ಗುರು? ನಾಲ್ಕು ಕಾಯಿಲ್ ಸ್ಪ್ರಿಂಗ್ ಹಾಕ್ಸಿ, ಜೀವಮಾನದ ಚಿಂತೆ ಬಿಡುತ್ತೆ.

ಗಾಳಿಪೆಟ್ಟಿಗೆ (ಹಾಸನ)

ಹಾಕ್ಸಬಹುದು. ಎತ್ತರ ಏರಿಸೋದು-ಇಳಿಸೋದು, ಹಿಂದೆ ಗೊಬ್ಬರದ ಮೂಟೆ ಹೇರಿದಾಗ ಸಮ ನಿಲ್ಲೋದು, ನೆಲಕ್ಕೆ ತಕ್ಕಂತೆ ಗಾಡಿ ಹೊಂದಿಸೋ ಟೆರೈನ್ ರೆಸ್ಪಾನ್ಸಿನ ಅರ್ಧ ಕೆಲಸ, ಎಲ್ಲಾ ಅದರ ಜೊತೆ ಹೋಗುತ್ತೆ. ದೀಪ ಆರಿಸೋಕೆ ಇಸಿಯುಗೆ ಕೋಡಿಂಗೂ ಮಾಡಿಸ್ಬೇಕು. ನಾಲ್ಕು ಚೀಲವೂ ಒಟ್ಟಿಗೆ ಹರಿದಿದ್ರೆ ಯೋಚಿಸೋ ಮಾತು. ಇಲ್ಲಿ ಏನು ಹೋಗಿದೆ ಅಂತಾನೇ ಇನ್ನೂ ಗೊತ್ತಿಲ್ಲ.

ತೋಟದ ಡಿಸ್ಕೋ (ಮೂಡಿಗೆರೆ)

ಅಳತೆ ಬಂತು. ಮುಂದಿನ ಎಡ ಮೂಲೆ 64 ಮಿ.ಮೀ. ಇಳಿದಿದೆ. ಮುಂದಿನ ಬಲ 7, ಹಿಂದೆ ಎರಡೂ 6. ಅಂದ್ರೆ ಎಡ ಏರ್‌ಬ್ಯಾಗ್ ಹರಿದಿದೆ ಅಂತ ತೀರ್ಮಾನಿಸಬಹುದಾ? ಸ್ಟ್ರಟ್ (ಚೀಲ, ಶಾಕ್ ಅಬ್ಸಾರ್ಬರ್ ಒಟ್ಟಿಗಿರೋ ಭಾಗ) ತರಿಸಲಾ?

ಬಾಳೆಹೊನ್ನೂರು ಫೋರ್‌ವೀಲ್

ಮೂಲೆ ಗೊತ್ತಾಯ್ತು, ತೂತು ಇನ್ನೂ ಗೊತ್ತಾಗಿಲ್ಲ. ಸೋಪಿನ ನೀರು ಹಿಡೀರಿ. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು-ಮೂರು ಚಮಚ, ಗಿಡಕ್ಕೆ ಹೊಡೆಯೋ ಕೈ ಸ್ಪ್ರೇಯರಿನಲ್ಲಿ ಹಾಕಿ. ಅಲ್ಲಾಡಿಸಿ ನೊರೆ ಮಾಡ್ಕೋಬೇಡಿ, ನಿಮ್ಮ ನೊರೆ ಯಾವುದು, ಸೋರಿಕೆಯದ್ದು ಯಾವುದು ಅಂತ ಗೊತ್ತಾಗಲ್ಲ. ಹೊಡೆದ್ಮೇಲೆ ಎರಡು ನಿಮಿಷ ಟಾರ್ಚ್ ಬಿಟ್ಟು ನೋಡ್ತಾ ಇರಿ. ರಾತ್ರಿಗೆ 64 ಮಿ.ಮೀ. ಇಳಿಸೋ ತೂತು ಭುಸ್ ಅನ್ನಲ್ಲ, ಸಾಸಿವೆ ಗಾತ್ರದ ಗುಳ್ಳೆ ಒಂದೊಂದಾಗಿ ಕಟ್ಟುತ್ತೆ.

ನೋಡೋ ಜಾಗ ಮೂರು. ಸ್ಟ್ರಟ್ ತಲೆಯಲ್ಲಿ ಪೈಪ್ ಸೇರೋ ಫಿಟ್ಟಿಂಗ್ ಒಂದು. ಎರಡನೇದು ಏರ್‌ಬ್ಯಾಗ್. ರಬ್ಬರ್ ಚೀಲ ನೇರ ಕಾಣಲ್ಲ, ಸುತ್ತ ಕವಚ, ಕೆಳಗೆ ದೂಳಿಗೆ ಅಂತ ಬೂಟು ಇದೆ. ಬೂಟಿನ ಅಂಚು ಸರಿಸಿ ಒಳಗೆ ಹೊಡೀರಿ. ಚೀಲ ಬಿರುಕು ಬಿಡೋದು ಕೆಳಗೆ ಮಡಚಿಕೊಂಡು ಉರುಳೋ ಭಾಗದಲ್ಲಿ, ಆ ಮಡಿಕೆ ಎತ್ತರ ಬದಲಾದಂಗೆ ಜಾಗ ಬದಲಿಸುತ್ತೆ. ಹಾಗಾಗಿ ಆಕ್ಸೆಸ್ ಎತ್ತರದಲ್ಲಿ (ಹತ್ತಿ-ಇಳಿಯೋಕೆ ಅಂತ ಇರೋ ತಗ್ಗಿನ ಮಟ್ಟ) ಒಂದ್ಸಲ, ನಾರ್ಮಲ್‌ನಲ್ಲಿ ಒಂದ್ಸಲ ನೋಡ್ಬೇಕು. ಒಂದು ಎತ್ತರದಲ್ಲಿ ಸೋರಿ ಇನ್ನೊಂದರಲ್ಲಿ ನಿಂತ್ರೆ ಚೀಲವೇ ಹೋಗಿದೆ. ಎಲ್ಲ ಎತ್ತರದಲ್ಲೂ ಒಂದೇ ಸಮ ಸೋರಿದ್ರೆ ಪೈಪು-ಫಿಟ್ಟಿಂಗ್ ಕಡೆ ಹೋಗಿ. ಮೂರನೇದು ಮುಂದಿನ ವಾಲ್ವ್ ಬ್ಲಾಕ್, ಅದು ಬಂಪರ್ ಹಿಂದೆ ಇದೆ, ಚಕ್ರದ ಒಳಗಿನ ಲೈನರ್ ಬಿಚ್ಚಿದ್ರೆ ಕೈಗೆ ಸಿಗುತ್ತೆ. ಸ್ಟ್ರಟ್‌ನಿಂದ ಬ್ಲಾಕಿನವರೆಗೆ ಪೈಪನ್ನ ಪೂರ್ತಿ ಬೆರಳಲ್ಲಿ ಸವರ್ಕೊಂಡು ಹೋಗಿ. ನಮ್ಮ ಕಡೆ ಶೆಡ್ಡಿನಲ್ಲಿ ಇಲಿ ಇಲ್ಲದ ಮನೆ ಯಾವುದು?

ಮುಖ್ಯವಾದ್ದು: ಚಾಸಿಗೆ ಸ್ಟ್ಯಾಂಡ್ ಕೊಡದೆ ಅಡಿಗೆ ಹೋಗ್ಬೇಡಿ, ಆರ್ಚಿನೊಳಗೆ ಕೈಯನ್ನೂ ಹಾಕ್ಬೇಡಿ. ಬರೀ ಜಾಕ್ ಸಾಲಲ್ಲ. ಗಾಳಿ ಹೋದ್ರೆ ಎರಡು ಟನ್ನಿಗೂ ಮೀರಿದ ಗಾಡಿ ಸೂಚನೆ ಕೊಡದೆ ಕೂರುತ್ತೆ. ಕೆಲಸ ಮಾಡುವಾಗ ಒಂದು ಬಾಗಿಲು ತೆರೆದಿಟ್ಟಿರಿ, ಬಾಗಿಲು ತೆರೆದಿದ್ರೆ ಇಸಿಯು ಎತ್ತರ ಬದಲಿಸೋದನ್ನ ನಿಲ್ಲಿಸುತ್ತೆ. ಅದನ್ನೇ ನಂಬ್ಕೊಂಡು ಸ್ಟ್ಯಾಂಡ್ ಬಿಡ್ಬೇಡಿ.

ತೋಟದ ಡಿಸ್ಕೋ (ಮೂಡಿಗೆರೆ)

ಬಾಯಿಗೆ ಸಕ್ಕರೆ ಹಾಕ್ಬೇಕು ಅಣ್ಣ. ಚೀಲ ಸರಿಯಾಗೇ ಇದೆ, ಎರಡೂ ಎತ್ತರದಲ್ಲಿ ಒಂದು ಗುಳ್ಳೆ ಇಲ್ಲ. ವಾಲ್ವ್ ಬ್ಲಾಕಿನಿಂದ ಒಂದು ಗೇಣು ಈಚೆ, ಪೈಪ್ ತಿರುಗೋ ಜಾಗದಲ್ಲಿ ಹಲ್ಲಿನ ಗುರುತು, ಅದರ ಕೆಳಬದಿಯಲ್ಲಿ ಗುಳ್ಳೆ. ಪಕ್ಕದಲ್ಲೇ ಸಿಲ್ವರ್ ಓಕ್ ಎಲೆ ತುಂಬಿ ಗೂಡು. ಎಂ-ಸೀಲ್ ಮೆತ್ತಿದ್ರೆ ನಿಲ್ಲುತ್ತಾ?

ಗಾಳಿಪೆಟ್ಟಿಗೆ (ಹಾಸನ)

ನಿಲ್ಲಲ್ಲ. ನೈಲಾನ್ ಪೈಪಿಗೆ ಎಂ-ಸೀಲ್ ಹಿಡಿಯಲ್ಲ, ಗಾಡಿ ಅಲುಗಾಡಿದಂಗೆ ಪದರ ಏಳುತ್ತೆ.

ಕಡಿದಿರೋ ಭಾಗವನ್ನ ಕತ್ತರಿಸಿ ತೆಗೆದು ಜಾಯಿಂಟರ್ ಹಾಕಿ. ಸ್ಟ್ರಟ್ ಪೈಪಿನ ಹೊರವ್ಯಾಸ 6 ಮಿ.ಮೀ., ಆದ್ರೂ ವರ್ನಿಯರ್ ಹಿಡಿದು ನೋಡಿ ತನ್ನಿ. ಲಾರಿ ಏರ್‌ಬ್ರೇಕ್ ಸಾಮಾನು ಮಾರೋ ಅಂಗಡಿಯಲ್ಲಿ ಹಿತ್ತಾಳೆಯ ಜಾಯಿಂಟರ್ ಸಿಗುತ್ತೆ, ಅದೇ ಇರಲಿ. ಫ್ಯಾಕ್ಟರಿ ಮೆಷಿನ್ನಿಗೆ ಹಾಕೋ ಪ್ಲಾಸ್ಟಿಕ್ ಪುಷ್‌ಫಿಟ್ ಸಾಮಾನ್ಯವಾಗಿ 10 ಬಾರ್ ತಡೆಯೋಂಥದ್ದು. ಟ್ಯಾಂಕ್ ಕಡೆಯ ಒತ್ತಡ ಸುಮಾರು 15 ಬಾರ್ ಇರೋದ್ರಿಂದ ಅಲ್ಲಿಗಂತೂ ಅದನ್ನ ಹಾಕಲೇಬಾರದು. ಸ್ಟ್ರಟ್ ಕಡೆಗೂ ಒಳ್ಳೇದೇ ಇರಲಿ, ಗುಂಡಿಗೆ ಬಿದ್ದಾಗ ಒತ್ತಡ ಜಿಗಿಯುತ್ತೆ.

ಮುಂಭಾಗ ಚಾಸಿಯಿಂದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ತೂಗಾಡ್ತಾ ಇರಲಿ. ಸ್ಕ್ಯಾನರ್ ಇದ್ರೆ ಅದರಿಂದಲೇ ಆ ಮೂಲೆಯ ಗಾಳಿ ಬಿಡಿ. ಇಲ್ಲದಿದ್ರೆ ವಾಲ್ವ್ ಬ್ಲಾಕಿನ ನಟ್ ಕಾಲು ಸುತ್ತು ಸಡಿಲಿಸಿ ಶಬ್ದ ಪೂರ್ತಿ ನಿಲ್ಲೋವರೆಗೆ ಕಾಯಿರಿ, ಕನ್ನಡಕ ಹಾಕ್ಕೊಂಡಿರಿ. ಪೈಪನ್ನ ಕಟ್ಟಿಂಗ್ ಪ್ಲೈಯರಿನಲ್ಲಿ ಕತ್ತರಿಸಿದ್ರೆ ತುದಿ ಚಪ್ಪಟೆಯಾಗುತ್ತೆ, ಜಾಯಿಂಟರಿನ ಓ-ರಿಂಗ್ ಕೂರಲ್ಲ. ಹೊಸ ಬ್ಲೇಡು, ಒಂದೇ ಏಟು, 90 ಡಿಗ್ರಿ. ತುದಿಯಿಂದ 20 ಮಿ.ಮೀ.ವರೆಗೆ ಗೀರು ಇರಬಾರದು. ಎಷ್ಟು ಒಳಗೆ ಹೋಗ್ಬೇಕು ಅಂತ ಪೆನ್ನಲ್ಲಿ ಗುರುತು ಮಾಡಿ ಅಲ್ಲೀವರೆಗೂ ಒತ್ತಿ. ಬ್ಲಾಕಿನ ಫಿಟ್ಟಿಂಗ್ ಬಿಚ್ಚಿದ್ದಾದ್ರೆ ಹಳೇ ಹಿತ್ತಾಳೆ ಕಾಲೆಟ್ (ಪೈಪನ್ನ ಹಿಡಿಯೋ ಬಳೆ) ಪೈಪಿಗೇ ಕಚ್ಚಿಕೊಂಡು ಬರುತ್ತೆ. ಅದನ್ನ ಎಳೆದು ಮತ್ತೆ ಬಳಸ್ಬೇಡಿ, ಆ ತುದಿ ಐದಾರು ಮಿ.ಮೀ. ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿ.

ಇನ್ನೊಂದು ಎಚ್ಚರಿಕೆ: ಗಾಳಿ ಇಲ್ಲದ ಚೀಲದ ಮೇಲೆ ಗಾಡಿಯ ಭಾರ ಬಿಡಬಾರದು, ಮಡಿಕೆ ಅಡ್ಡಾದಿಡ್ಡಿ ಬಿದ್ದು ಒಳ್ಳೇ ಚೀಲವೂ ಅಲ್ಲೇ ಸೀಳುತ್ತೆ. ಜಾಯಿಂಟ್ ಆದ್ಮೇಲೆ ಸ್ಟ್ಯಾಂಡ್ ಮೇಲಿದ್ದಾಗಲೇ ಇಂಜಿನ್ ಸ್ಟಾರ್ಟ್ ಮಾಡಿ, ಬಾಗಿಲೆಲ್ಲ ಮುಚ್ಚಿ ಗಾಳಿ ತುಂಬಿಸಿ, ಆಮೇಲೆ ನಿಧಾನಕ್ಕೆ ಇಳಿಸಿ. ಕೊನೆಗೆ ಪೈಪಿಗೆ ಸೀಳಿದ ಪ್ಲಾಸ್ಟಿಕ್ ಕಾಂಡ್ಯೂಟ್ ಸುತ್ತಿ.

ತೋಟದ ಡಿಸ್ಕೋ (ಮೂಡಿಗೆರೆ)

ಆಯ್ತು. ಬ್ಯಾಟರಿ ಬಿಚ್ಚಿಟ್ಟು ಮತ್ತೆ ಅಳೆದ್ರೆ ನಾಲ್ಕೂ ಮೂಲೆ 5ರಿಂದ 7 ಮಿ.ಮೀ. ಒಳಗಿದೆ. ಆದ್ರೆ ಕೋಡ್ ಅಳಿಸಿದ್ಮೇಲೂ ಆಫ್‌ರೋಡ್ ಎತ್ತರಕ್ಕೆ ಏರೋಕೆ ಬಹಳ ಹೊತ್ತು ತಗೊಂಡು ಸಿ1ಎ20 ವಾಪಸ್ ಬಂತು. ಹಾಗಾದ್ರೆ ಕಂಪ್ರೆಸರೂ ಹೋಗಿದೆಯಾ?

ಬಾಳೆಹೊನ್ನೂರು ಫೋರ್‌ವೀಲ್

ಸುಸ್ತಾಗಿರಬಹುದು. ಮೊದಲು ಕರೆಂಟ್ ನೋಡಿ. ಕಂಪ್ರೆಸರ್ ಓಡ್ತಿರುವಾಗ ಬ್ಯಾಟರಿ ಮೇಲೆ ವೋಲ್ಟೇಜ್ ಎಷ್ಟು, ಕಂಪ್ರೆಸರಿನ ಪ್ಲಗ್ಗಿನಲ್ಲಿ ಎಷ್ಟು. ವ್ಯತ್ಯಾಸ ಒಂದು ವೋಲ್ಟ್ ದಾಟಿದ್ರೆ ರಿಲೇ ಅಥವಾ ಅರ್ಥ್ ವೈರ್. ರಿಲೇ ಬಾನೆಟ್ ಕೆಳಗಿನ ಫ್ಯೂಸ್ ಬಾಕ್ಸಿನಲ್ಲಿದೆ, ಹೇಗೂ ಹೊಸದು ಹಾಕಿ. ಸೋರೋ ಗಾಡಿಯಲ್ಲಿ ಅದು ಲೆಕ್ಕಕ್ಕಿಂತ ಹೆಚ್ಚು ಸಲ ಆನ್-ಆಫ್ ಆಗಿ ಪಾಯಿಂಟ್ ಸುಟ್ಟಿರುತ್ತೆ. ಪಾಯಿಂಟ್ ಅಂಟಿಕೊಂಡ್ರೆ ಕೀ ತೆಗೆದ್ಮೇಲೂ ಕಂಪ್ರೆಸರ್ ನಿಲ್ಲದೆ ಓಡಿ ಸುಟ್ಟೇ ಹೋಗುತ್ತೆ. ಸಣ್ಣ ಸಾಮಾನಿಗೆ ದುಬಾರಿ ಕಂಪ್ರೆಸರ್ ಬಲಿ.

ಕರೆಂಟ್ ಸರಿ ಇದ್ರೆ ಕಂಪ್ರೆಸರ್ ಇಳಿಸಿ. ಎಡಬದಿ, ಹಿಂದಿನ ಚಕ್ರಕ್ಕಿಂತ ಮುಂದೆ ಪ್ಲಾಸ್ಟಿಕ್ ಕವರಿನೊಳಗಿದೆ. ಕವರ್ ತೆಗೆದ್ರೆ ಕೆಸರಿನ ಗಟ್ಟಿಯೇ ಬರುತ್ತೆ. ಒಳಗೆ ಎಳೆಯೋ ಫಿಲ್ಟರ್ ಕಟ್ಟಿದ್ರೆ ಗಾಳಿ ಸಾಲಲ್ಲ, ಹೊಸದು ಹಾಕಿ. ಆಮೇಲೆ ಡ್ರೈಯರ್ ಬಿಚ್ಚಿ. ಇಲ್ಲೇ ಮಲೆನಾಡಿನ ಗಾಡಿಗಳು ಏಟು ತಿನ್ನೋದು. ಹೊರಗಿನ ಗಾಳಿ ಡ್ರೈಯರಿನ ಕಾಳುಗಳ ಮೂಲಕ ಒಣಗಿ ಒಳಗೆ ಹೋಗುತ್ತೆ. ಗಾಡಿ ಇಳಿಯುವಾಗ ಅದೇ ಒಣಗಾಳಿ ಅದೇ ದಾರಿಯಲ್ಲಿ ಹೊರಬಂದು ಕಾಳಿನ ತೇವ ಹೊತ್ಕೊಂಡು ಹೋಗುತ್ತೆ. ಪೈಪಿನಲ್ಲಿ ತೂತಿದ್ರೆ ಗಾಳಿ ಆ ದಾರಿಗೆ ಬರೋದೇ ಇಲ್ಲ, ಕಾಳು ತೇವ ಹೀರ್ತಾನೇ ಇರುತ್ತೆ. ಮೇಲಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಹವೆ. ನೆಂದ ಕಾಳು ಪುಡಿಯಾಗಿ, ಗಾಳಿ ಹೊರಬಿಡೋ ಎಕ್ಸಾಸ್ಟ್ ವಾಲ್ವಿಗೂ ಅದರ ಸೈಲೆನ್ಸರಿಗೂ ಕಟ್ಟುತ್ತೆ. ಆಗ ಗಾಡಿ ಇಳಿಯೋದೇ ನಿಧಾನ ಆಗಿ ಸಿ1ಎ13 ಬರುತ್ತೆ.

ಡ್ರೈಯರ್ ಬಗ್ಗಿಸಿದಾಗ ಬಿಳಿ ಪುಡಿ ಅಥವಾ ಕೆನೆಯಂಥ ಕೆಸರು ಬಂದ್ರೆ ಕಾಳು ಪೂರ್ತಿ ಬದಲಿಸಿ. ಕ್ಯಾಮೆರಾ ಬ್ಯಾಗಿಗೆ ಹಾಕೋ ಸಿಲಿಕಾ ಜೆಲ್ ಪೊಟ್ಟಣ ಒಡೆದು ಹಾಕ್ಬೇಡಿ, ನೀರು ತಾಗಿದ್ರೆ ಅದು ಸೀಳಿ ಮತ್ತೆ ಪುಡಿಯಾಗುತ್ತೆ. ರಿಪೇರಿ ಕಿಟ್ಟಿನ ಕಾಳೇ ತಂದು, ಅಲುಗಾಡಿಸಿದ್ರೆ ಗಲಗಲ ಅನ್ನದಷ್ಟು ಒತ್ತಾಗಿ ತುಂಬಿ, ಎರಡೂ ತುದಿಯ ಫೆಲ್ಟ್ ಹೊಸದು ಹಾಕಿ. ಜೊತೆಗೆ ಪಿಸ್ಟನ್ ರಿಂಗ್ ನೋಡಿ. ಸಿಲಿಂಡರ್ ಗೋಡೆ ನುಣುಪಾಗಿದ್ದು ರಿಂಗ್ ಮಾತ್ರ ಸವೆದಿದ್ರೆ ರಿಂಗ್ ಹಾಕಿ ಸಾಕು. ಗೋಡೆಯಲ್ಲಿ ಉಗುರಿಗೆ ಸಿಗೋ ಗೀರು ಇದ್ರೆ ಕಿಟ್ಟಿಗೆ ದುಡ್ಡು ಹಾಕ್ಬೇಡಿ, ಆಗ ಹೊಸ ಕಂಪ್ರೆಸರೇ ಸರಿ. ತರಿಸೋ ಮುಂಚೆ ನಿಮ್ಮಲ್ಲಿರೋದು ಹಿಟಾಚಿಯೋ ಎಎಂಕೆಯೋ ಅಂತ ಲೇಬಲ್ ನೋಡಿ, ಎರಡರ ಬಿಡಿಭಾಗ ಬೇರೆ ಬೇರೆ.

ತೋಟದ ಡಿಸ್ಕೋ (ಮೂಡಿಗೆರೆ)

ಹಿಟಾಚಿ. ಡ್ರೈಯರಿನಿಂದ ಮಜ್ಜಿಗೆಯಂಥದ್ದು ಸುರೀತು, ಸಿಲಿಂಡರ್ ನುಣುಪಾಗಿದೆ. ಕಾಳು, ಫೆಲ್ಟ್, ರಿಂಗ್, ಫಿಲ್ಟರ್, ರಿಲೇ ಎಲ್ಲಾ ಹೊಸದು. ಈಗ ಆಫ್‌ರೋಡ್ ಎತ್ತರಕ್ಕೆ ಸಲೀಸಾಗಿ ಏರ್ತಿದೆ, ಕೋಡ್ ಬಂದಿಲ್ಲ. ಕೊನೇ ಪ್ರಶ್ನೆ: ತೋಟದ ರಸ್ತೆ ಅಂತ ಇಡೀ ದಿನ ಆಫ್‌ರೋಡ್ ಎತ್ತರದಲ್ಲೇ ಓಡಿಸಬಹುದಾ?

ಗಾಳಿಪೆಟ್ಟಿಗೆ (ಹಾಸನ)

ಬೇಕಾದಾಗ ಮಾತ್ರ. 50 ಕಿ.ಮೀ. ವೇಗದ ಆಸುಪಾಸು ಅದು ತಾನೇ ಇಳಿಯುತ್ತೆ, ನೀವು ಮತ್ತೆ ಏರಿಸ್ತೀರಿ. ಪ್ರತಿ ಸಲ ಟ್ಯಾಂಕ್ ಖಾಲಿ, ಕಂಪ್ರೆಸರಿಗೆ ಕೆಲಸ. ಬಿಸಿ ಹೆಚ್ಚಾದ್ರೆ ಇಸಿಯು ಅದನ್ನ ನಿಲ್ಲಿಸಿಬಿಡುತ್ತೆ, ಅದನ್ನ ಮತ್ತೆ ಕೆಟ್ಟಿತು ಅಂದ್ಕೋಬೇಡಿ, ಆರೋಕೆ ಬಿಡಿ. ಮತ್ತೆ, ವಾಟರ್ ಸರ್ವಿಸಿನವರಿಗೆ ಕಂಪ್ರೆಸರ್ ಕವರಿಗೂ ಚಕ್ರದ ಹತ್ತಿರದ ಹೈಟ್ ಸೆನ್ಸರಿಗೂ ನೇರ ಜೆಟ್ ಹಿಡೀಬೇಡಿ ಅಂತ ಮೊದಲೇ ಹೇಳಿ. ಸಿ1ಎ03ರಿಂದ 06ರವರೆಗಿನ ಕೋಡ್ ಬಂದ್ರೆ ಅದು ಗಾಳಿ ವಿಷಯ ಅಲ್ಲ, ಸೆನ್ಸರ್: ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ, ಅದೇ ಕ್ರಮದಲ್ಲಿ. ಸೆನ್ಸರ್ ತರಿಸೋ ಮುಂಚೆ ಪ್ಲಗ್ ಬಿಚ್ಚಿ ಪಿನ್ ಹಸಿರಾಗಿದೆಯಾ ನೋಡಿ, ಕಾಂಟ್ಯಾಕ್ಟ್ ಕ್ಲೀನರಿನಲ್ಲೇ ಮುಗಿಯೋದುಂಟು.