ಪದ ಬೇಕು: ಎಂಡಿಎಫ್ ಕೊಯ್ದಾಗ ಏಳೋದು ಹೊಟ್ಟೋ, ಹಿಟ್ಟೋ, ದೂಳೋ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಮೈಸೂರಿನ ಹತ್ತಿರ ಒಂದು ಸಣ್ಣ ಮರಗೆಲಸದ ಶೆಡ್ಡು ನಡೆಸುತ್ತೇನೆ. ಬಟ್ಟೆ ಕಪಾಟು, ಅಡುಗೆಮನೆಯ ಕ್ಯಾಬಿನೆಟ್ಟು, ಮಂಚ, ಮಕ್ಕಳ ಓದೋ ಮೇಜು, ಇವೇ ಜಾಸ್ತಿ. ಆರು ಜನ ಕೆಲಸ ಮಾಡುತ್ತಾರೆ. ಇಬ್ಬರು ಚಾಮರಾಜನಗರದ ಕಡೆಯವರು, ಒಬ್ಬರು ರಾಯಚೂರಿನವರು, ಇಬ್ಬರು ರಾಜಸ್ಥಾನದಿಂದ ಬಂದು ಇಲ್ಲೇ ಕನ್ನಡ ಕಲಿತವರು, ಇನ್ನೊಬ್ಬ ಈಗಷ್ಟೇ ಐಟಿಐ ಮುಗಿಸಿದ ಹುಡುಗ. ಗರಗಸದ ಮೇಜಿನ ಪಕ್ಕದ ಗೋಡೆಯ ಮೇಲೆ ಹತ್ತು ಸಾಲು ಎಚ್ಚರಿಕೆ ಬರೆಸಬೇಕು ಅಂತ ಹೊರಟೆ. ಮೂರು ವಾರವಾಯಿತು, ಇನ್ನೂ ಮುಗಿದಿಲ್ಲ. ಕೆಲವು ಪದ ಸಿಕ್ಕಿವೆ, ಅವು ಸರಿಯೋ ಅಂತ ನಿಮ್ಮನ್ನು ಕೇಳಬೇಕು. ಒಂದು ಪದ ಮಾತ್ರ ಸಿಗುತ್ತಲೇ ಇಲ್ಲ. ಮೊದಲು ಅದನ್ನೇ ಹೇಳುತ್ತೇನೆ.

ಮರ ಕೊಯ್ದಾಗ ಬೀಳುವುದಕ್ಕೆ ನಾವೆಲ್ಲ ಹೊಟ್ಟು ಅಂತಲೇ ಹೇಳೋದು. ಮರದ ಹೊಟ್ಟು, ಗರಗಸದ ಹೊಟ್ಟು. ಹೊಟ್ಟು ಅಂದ ಕೂಡಲೇ ಕಣ ನೆನಪಾಗುತ್ತೆ. ತೂರಿದಾಗ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಬೀಳುತ್ತೆ. ಅದನ್ನು ಗುಡಿಸಿ ರಾಶಿ ಮಾಡಬಹುದು, ಚೀಲಕ್ಕೆ ತುಂಬಬಹುದು. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಹೊಟ್ಟಿನ ಒಲೆ ಇತ್ತು. ತಗಡಿನ ಡಬ್ಬದ ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಕೋಲು ಎಳೆದು ತೆಗೆದು ಕೆಳಗಿನಿಂದ ಬೆಂಕಿ ಹಚ್ಚೋದು. ಅದು ಗಂಟೆಗಟ್ಟಲೆ ಉರಿಯುತ್ತಿತ್ತು. ಹೊಟ್ಟು ಅಂದರೆ ಯಾರಿಗೂ ಕೆಟ್ಟದ್ದು ಮಾಡದ, ಉಪಯೋಗಕ್ಕೆ ಬರೋ ವಸ್ತು.

ತೇಗ, ಹಲಸು ಕೊಯ್ದರೆ ಬೀಳೋದು ನೋಡೋಕೂ ಹೊಟ್ಟಿನ ಹಾಗೇ ಇರುತ್ತೆ. ಎಂಡಿಎಫ್ ಅನ್ನೋ ಬೋರ್ಡಿನ ಕಥೆ ಬೇರೆ. ಅದನ್ನು ಮಾಡುವಾಗಲೇ ಮರವನ್ನು ನಾರು ನಾರಾಗಿ ಬಿಡಿಸಿ, ಅಂಟು ಬೆರೆಸಿ, ಬಿಸಿ ಮಾಡಿ ಒತ್ತಿರುತ್ತಾರೆ. ಆ ಅಂಟು ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್. ಬ್ಲೇಡು ಹಾಯ್ದ ಕೂಡಲೇ ಆ ಸಣ್ಣ ನಾರು ಇನ್ನೂ ಪುಡಿಯಾಗಿ ಮೇಲೇಳುತ್ತೆ.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಟೀ ಅಂತ ಮಿಷನ್ನು ನಿಲ್ಲಿಸಿದೆವು. ನಮ್ಮ ಶೆಡ್ಡಿನ ಶೀಟಿನಲ್ಲಿ ಮೊಳೆ ಕಿತ್ತು ಬಂದ ಒಂದು ತೂತಿದೆ. ಅಲ್ಲಿಂದ ಬಿಸಿಲುಕೋಲು ಇಳಿದಿತ್ತು. ಅದರೊಳಗೆ ದೂಳು ಮಂಜಿನ ಹಾಗೆ ನಿಂತಿತ್ತು. ಟೀ ಕುಡಿದೆವು, ಲೋಟ ತೊಳೆದಿಟ್ಟೆವು, ಬಂದು ನೋಡಿದರೆ ಇನ್ನೂ ಹಾಗೇ ಇತ್ತು. ಪಕ್ಕದಲ್ಲಿದ್ದ ಕಪ್ಪು ಕುರ್ಚಿಯ ಮೇಲೆ ಬೆರಳು ಎಳೆದೆ. ಹತ್ತಿದ್ದನ್ನು ಹೆಬ್ಬೆರಳಿಗೆ ಒತ್ತಿ ಉಜ್ಜಿದೆ. ಒಂದು ತರಿಯೂ ಸಿಗಲಿಲ್ಲ. ಮೈದಾಹಿಟ್ಟಿನಷ್ಟು ನಯ. ಬಿಸಿಲು ಬೀಳದ ಜಾಗದಲ್ಲೂ ಇದೇ ಗಾಳಿ ಇದೆ, ನಮಗೆ ಕಾಣುತ್ತಿಲ್ಲ ಅಷ್ಟೇ ಅಂತ ಆಗ ಹೊಳೆಯಿತು.

ಅದೇ ವಾರ ಇನ್ನೊಂದು ಗೊತ್ತಾಯಿತು. ನಮ್ಮಲ್ಲಿ ಒಬ್ಬರು ಈ ಪುಡಿಯನ್ನು ಎರಡು ಚೀಲ ತುಂಬಿ ಮನೆಗೆ ಒಯ್ದಿದ್ದರು, ಹಂಡೆ ಒಲೆಗೆ ಅಂತ. ಯಾಕೆ ಒಯ್ದಿರಿ ಅಂದರೆ, "ಹೊಟ್ಟು ತಾನೆ ಅಣ್ಣಾ, ಸುಮ್ನೆ ಬಿಸಾಡೋದ್ಯಾಕೆ?" ಅಂದರು. ಅವರದು ತಪ್ಪಲ್ಲ. ಹೊಟ್ಟು ಅಂತ ಹೆಸರಿಟ್ಟವರು ನಾವು. ಆ ಪುಡಿಯಲ್ಲಿ ಅಂಟು ಇದೆ, ಅದರ ಹೊಗೆ ಮನೆಯೊಳಗೆ ಬರಬಾರದು ಅಂತ ವಿವರಿಸಿ ಚೀಲ ವಾಪಸ್ ತರಿಸಿದೆ.

ಇದನ್ನು ನಾನು ಹಚ್ಚಿಕೊಂಡಿರೋದಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ದೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ 1995ರಲ್ಲೇ ಸೇರಿಸಿದೆ. ಮೂಗಿನ ಒಳಭಾಗಕ್ಕೆ ಅಪಾಯ ಜಾಸ್ತಿ. 2004ರಲ್ಲಿ ಫಾರ್ಮಾಲ್ಡಿಹೈಡ್ ಕೂಡ ಅದೇ ಗುಂಪಿಗೆ ಸೇರಿತು. ಉಬ್ಬಸ, ಚರ್ಮದ ತುರಿಕೆ ಬೇರೆ. ಇಷ್ಟೆಲ್ಲ ಇರುವಾಗ ಗೋಡೆಯ ಮೇಲೆ "ಹೊಟ್ಟಿನಿಂದ ದೂರವಿರಿ" ಅಂತ ಬರೆದರೆ ಯಾರು ನಂಬುತ್ತಾರೆ?

ಪದದ ಜೊತೆಗೇ ಒಂದು ಕೆಲಸವೂ ಬರುತ್ತೆ. ಹೊಟ್ಟು ಅಂದರೆ ಕೈ ಪೊರಕೆಗೆ ಹೋಗುತ್ತೆ. ಇಲ್ಲವೇ ಕಂಪ್ರೆಸರ್ ಪೈಪಿನಿಂದ ಗಾಳಿ ಹೊಡೆಯುತ್ತಾರೆ. ಎಂಡಿಎಫ್ ಪುಡಿಗೆ ಇವೆರಡೂ ಕೂಡದು. ಕೂತಿದ್ದು ಮತ್ತೆ ಎದ್ದು ಮೂಗಿಗೇ ಬರುತ್ತೆ. ಬ್ಲೇಡಿನ ಬುಡದಲ್ಲೇ ಹೀರಿಕೊಳ್ಳೋ ಪೈಪು ಇರಬೇಕು. ನೆಲಕ್ಕೆ ಬಿದ್ದದ್ದನ್ನು ಸಣ್ಣ ದೂಳು ಹಿಡಿಯೋ ಫಿಲ್ಟರ್ ಇರುವ ವ್ಯಾಕ್ಯೂಮಿನಲ್ಲೇ ತೆಗೆಯಬೇಕು. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ಎನ್95 ಥರದ ಮಾಸ್ಕು ಬೇಕು. ಇದಿಷ್ಟನ್ನೂ ನೆನಪಿಗೆ ತರೋ ಒಂದು ಪದ ನನಗೆ ಬೇಕಾಗಿದೆ.

ಏನೇನು ಯೋಚಿಸಿದೆ ಅಂತ ಹೇಳುತ್ತೇನೆ. ಉಜ್ಜುಗೊರಡು ಹಾಕಿದರೆ ಬರೋದು ಸುರುಳಿ. ಗರಗಸಕ್ಕೆ ಹೊಟ್ಟು. ಅದಕ್ಕಿಂತ ನಯವಾದದ್ದು ತೌಡು, ಆದರೆ ತೌಡು ದನ ತಿನ್ನೋದು, ಒಳ್ಳೆಯ ವಸ್ತು. ಅದಕ್ಕೂ ನಯವಾದದ್ದು ಹಿಟ್ಟು. ಕಣ್ಣಿಗೆ ಇದೇ ಸರಿಯಾಗಿ ಕೂರುತ್ತೆ, ಆದರೆ ಹಿಟ್ಟು ನಮ್ಮ ಕಡೆ ಅನ್ನದ ಸಮಾನ. ಹಿಟ್ಟು ಅಂದರೆ ಮುದ್ದೆ. ಅದಕ್ಕೆ ಹೆದರಿ ಅಂತ ಹೇಳೋದು ಹೇಗೆ? ಪುಡಿ ಅಂದರೆ ಖಾರದ ಪುಡಿಯಿಂದ ಕಾಫಿ ಪುಡಿಯವರೆಗೆ ಎಲ್ಲಕ್ಕೂ ಆಗುತ್ತೆ. ದೂಳು ಅಂದರೆ, "ದೂಳು ಎಲ್ಲಿಲ್ಲ ಹೇಳಿ" ಅನ್ನೋ ಉತ್ತರ ಬರುತ್ತೆ. ಬಸ್‌ಸ್ಟ್ಯಾಂಡಿನಲ್ಲೂ ದೂಳೇ. ಗಾಳಿಯಲ್ಲಿ ನಿಲ್ಲೋ ದೂಳಿಗೆ ಗೋಧೂಳಿ ಅನ್ನೋ ಚೆಂದದ ಪದ ನಮ್ಮಲ್ಲಿದೆ, ಆದರೆ ಅದರ ಸಂಜೆಯ ಬೆಳಕನ್ನು ಇಲ್ಲಿಗೆ ಎಳೆದು ತರೋಕೆ ಮನಸ್ಸು ಬರೋದಿಲ್ಲ. ಸೂಕ್ಷ್ಮ ಕಣ ಅಂದರೆ ಪರೀಕ್ಷೆಗೆ ಓದಿದವರಿಗೆ ಮಾತ್ರ. ಕೊನೆಗೆ ನಾನೇ ತೇಲುದೂಳು ಅಂತ ಕಟ್ಟಿದೆ. ಐಟಿಐ ಹುಡುಗನಿಗೆ ಹಿಡಿಸಿತು. ರಾಯಚೂರಿನವರು ಎರಡು ಸಲ ಬಾಯಲ್ಲಿ ಹೇಳಿ ನೋಡಿ, "ಅರ್ಥ ಆಗ್ತದ್ರಿ, ಆದ್ರ ಯಾರೂ ಅನ್ನಂಗಿಲ್ಲ" ಅಂದರು. ಅವರ ಮಾತು ತೂಕದ್ದು. ಯಾರ ಬಾಯಲ್ಲೂ ಇಲ್ಲದ ಪದ ಗೋಡೆಯ ಮೇಲೆ ಉಳಿಯಬಹುದು, ಕೆಲಸಕ್ಕೆ ಬರೋದು ಕಷ್ಟ.

ಈಗ ಸಿಕ್ಕಿರುವ ಪದಗಳು.

ಗರಗಸದ ಮೇಜಿನಲ್ಲಿ ಬೋರ್ಡಿನ ತುಂಡು ವಾಪಸ್ ನಮ್ಮ ಮೇಲೇ ಹಾರಿ ಬರುತ್ತಲ್ಲ, ಅದಕ್ಕೆ ಎಲ್ಲ ಕಡೆ ಕಿಕ್‌ಬ್ಯಾಕ್ ಅಂತಲೇ ಬರೆದಿರುತ್ತಾರೆ. ಪೇಪರ್ ಓದುವವರಿಗೆ ಕಿಕ್‌ಬ್ಯಾಕ್ ಅಂದರೆ ಲಂಚದ ಪಾಲು. ನಾನು ಕೆಲಸ ಕಲಿಯುತ್ತಿದ್ದ ಜಾಗದಲ್ಲೂ ಆ ಪದವನ್ನು ದೊಡ್ಡದಾಗಿ ಬರೆದಿದ್ದರು. ದಿನಾ ನೋಡುತ್ತಿದ್ದೆ, ಏನು ಅಂತ ಗೊತ್ತಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಒಂದು ದಿನ ನಾಲ್ಕು ಇಂಚು ಅಗಲದ ಪ್ಲೈ ಪಟ್ಟಿ ಕೊಯ್ಯುವಾಗ ಅದು ಸ್ವಲ್ಪ ಓರೆಯಾಯಿತು. ಟಪ್ ಅಂತ ಸದ್ದು. ಪಕ್ಕೆಲುಬಿನ ಕೆಳಗೆ ಬಡಿದು ಉಸಿರೇ ನಿಂತ ಹಾಗಾಯಿತು. ಹದಿನೈದು ದಿನ ನೀಲಿ ಗುರುತು ಹೋಗಲಿಲ್ಲ. ಇನ್ನೂ ಒಂದು ಗೇಣು ಮೇಲೆ ಬಡಿದಿದ್ದರೆ ಅನ್ನೋದು ಈಗಲೂ ಮನಸ್ಸಿಗೆ ಬರುತ್ತೆ.

ನಮ್ಮ ಶೆಡ್ಡಿನವರು ಇದಕ್ಕೆ ಒದೆ ಅನ್ನುತ್ತಾರೆ. "ಮಿಷನ್ನು ಒದೀತದೆ, ಬದೀಗ್ ನಿಲ್ಲು." ನನಗೆ ಇದಕ್ಕಿಂತ ಒಳ್ಳೆಯ ಪದ ಬೇಡವೇ ಬೇಡ. ಬ್ಲೇಡಿನ ಮುಂದಿನ ಹಲ್ಲು ಕೆಳಗಿಳಿಯುತ್ತೆ, ಹಿಂದಿನ ಹಲ್ಲು ಮೇಲೇಳುತ್ತೆ. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ 190 ಕಿಲೋಮೀಟರಿನ ಹತ್ತಿರ. ತುಂಡನ್ನು ಆನಿಸಿ ತಳ್ಳೋ ಗೈಡಿನಿಂದ ಅದು ಒಂಚೂರು ಸರಿದು ಹಿಂದಿನ ಹಲ್ಲಿಗೆ ತಾಗಿದರೆ ಆ ವೇಗವೆಲ್ಲ ತುಂಡಿಗೆ ಬರುತ್ತೆ. ಒದೆಯೋ ಹಸುವಿನ ಹಾಲು ಕರೆದವರಿಗೆ ಎಲ್ಲಿ ಕೂರಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಒದೆ ಅಂದ ಕೂಡಲೇ ಮೈ ತಾನೇ ಬ್ಲೇಡಿನ ನೇರ ಬಿಟ್ಟು ಪಕ್ಕಕ್ಕೆ ಸರಿಯುತ್ತೆ. ಫಲಕದಲ್ಲಿ "ಒದೆ ಬೀಳುತ್ತೆ" ಅಂತ ಬರೆದರೆ ಹೊಡೆದಾಟದ ಅರ್ಥ ಬಂದೀತೇ ಅನ್ನೋದೊಂದೇ ನನ್ನ ಅನುಮಾನ.

ಬ್ಲೇಡಿನ ಬೆನ್ನಿಗೆ ನಿಲ್ಲೋ ತೆಳು ಉಕ್ಕಿನ ಪಟ್ಟಿ ಇದೆಯಲ್ಲ, ರಿವಿಂಗ್ ನೈಫ್, ಅದಕ್ಕೆ ಬೆಣೆ ಅನ್ನಬಹುದೇ? ದಿಮ್ಮಿ ಕೊಯ್ಯುವವರು ಗರಗಸ ಕಚ್ಚಿಕೊಳ್ಳದ ಹಾಗೆ ಸೀಳಿಗೆ ಬೆಣೆ ಹೊಡೆಯುತ್ತಿದ್ದರು. ಬೆಣೆ ಕಿತ್ತು ಬಾಲ ಸಿಕ್ಕಿಸಿಕೊಂಡ ಕೋತಿಯ ಕಥೆ ಎಲ್ಲರಿಗೂ ಗೊತ್ತು. ಅಡ್ಡ ಬರುತ್ತೆ ಅಂತ ಈ ಪಟ್ಟಿಯನ್ನು ಬಿಚ್ಚಿಡುವವರು ತುಂಬಾ ಜನ. ಬೆಣೆ ಅಂತ ಕರೆದರೆ ಬಿಚ್ಚುವಾಗ ಆ ಕೋತಿ ನೆನಪಾದೀತು. ಒಂದೇ ತೊಡಕು. ಪ್ಲೈ, ಎಂಡಿಎಫ್ ಹಸಿ ಮರದ ಹಾಗೆ ಅಷ್ಟಾಗಿ ಮುಚ್ಚಿಕೊಳ್ಳೋದಿಲ್ಲ. ಇಲ್ಲಿ ಪಟ್ಟಿಯ ಮುಖ್ಯ ಕೆಲಸ ತುಂಡು ಹಿಂದಿನ ಹಲ್ಲಿಗೆ ತಾಗದ ಹಾಗೆ ಕಾಯೋದು. ಮೇಲಾಗಿ ಬೆಣೆ ಅಂದರೆ ಬಡಿದು ಕೂರಿಸೋದು. ಇದು ಬ್ಲೇಡಿನಿಂದ 8 ಮಿಲಿಮೀಟರ್ ಒಳಗೆ, ತಾಗದ ಹಾಗೆ ಸುಮ್ನೆ ನಿಂತಿರಬೇಕು. ಬೆಣೆಪಟ್ಟಿ ಅಂದರೆ ಸರಿಹೋಗುತ್ತಾ?

ಬೋರ್ಡಿನ ತುದಿ ಬಂದಾಗ ಕೈ ಬದಲು ಹಿಡಿಯೋ ಕೋಲಿಗೆ ದಬ್ಬುಗೋಲು ಅಂತ ಇಟ್ಟಿದ್ದೇನೆ. ಊರುಗೋಲು ಇದೆಯಲ್ಲ, ಅದೇ ಜಾಡು. ಬ್ರಿಟನ್ನಿನ ಕೆಲಸದ ಸುರಕ್ಷತೆ ನೋಡಿಕೊಳ್ಳೋ ಇಲಾಖೆಯ ಸಲಹೆ ಹೀಗಿದೆ: ಕೊಯ್ತದ ಕೊನೆಯ 300 ಮಿಲಿಮೀಟರಿಗೆ ಕೋಲು ಹಿಡಿಯಬೇಕು, ಕೋಲು ಕಡಿಮೆ ಅಂದರೂ 450 ಮಿಲಿಮೀಟರ್ ಉದ್ದ ಇರಬೇಕು, ತುದಿಯಲ್ಲಿ ಹಕ್ಕಿ ಬಾಯಿ ತೆರೆದ ಹಾಗೆ ಕಚ್ಚು ಇರಬೇಕು. ಲೆಕ್ಕ ಹಾಕಿ ನೋಡಿದೆ. ಒಂದು ಹೆಚ್ಚೂಕಡಿಮೆ ಅಡಿ, ಇನ್ನೊಂದು ಹೆಚ್ಚೂಕಡಿಮೆ ಮೊಳ. ಹಾಗಾಗಿ ಫಲಕದಲ್ಲಿ ಹೀಗೆ ಬರೆದಿದ್ದೇನೆ: "ಕೊನೆಯ ಒಂದಡಿಗೆ ಕೈ ಬೇಡ. ಮೊಳುದ್ದದ ದಬ್ಬುಗೋಲು ಹಿಡಿಯಿರಿ." ನಮ್ಮ ಹಿರಿಯ ಆಚಾರಿ ತಮ್ಮ ಮೊಣಕೈಯಿಂದ ಬೆರಳ ತುದಿಗೆ ಅಳೆದು ಆವತ್ತೇ ಮೂರು ಕೋಲು ಮಾಡಿಟ್ಟರು.

ಮೈಕಾ ಅಂಟಿಸಿದ ಬೋರ್ಡಿನ ಅಂಚು ಕಿತ್ತು ಹೋಗೋದಕ್ಕೆ "ಚಕ್ಕೆ ಏಳೋದು" ಅನ್ನೋದು ಎಲ್ಲ ಕಡೆ ನಡೆಯುತ್ತೆ, ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಬ್ಲೇಡಿನ ದಪ್ಪಕ್ಕೆ ಹೋಗೋ ಅಳತೆಗೆ ನಮ್ಮಲ್ಲಿ "ಬ್ಲೇಡು ಒಂದು ನೂಲು ತಿನ್ನುತ್ತೆ" ಅನ್ನುತ್ತಾರೆ. ನೂಲು ಅಂದರೆ ಇಂಚಿನಲ್ಲಿ ಎಂಟನೇ ಒಂದು ಭಾಗ. ಕೈಯಲ್ಲಿ ಹಿಡಿದು ಅಂಚು ಕೆತ್ತೋ ಯಂತ್ರ ರೌಟರಿಗೆ ಪ್ರದಕ್ಷಿಣೆ ಪದ ಚೆನ್ನಾಗಿ ಒದಗಿತು. ಹೊರ ಅಂಚಿಗೆ ಅಪ್ರದಕ್ಷಿಣೆ, ಒಳಗಿನ ಕಿಂಡಿಯ ಅಂಚಿಗೆ ಪ್ರದಕ್ಷಿಣೆ. ತಿರುಗುಮುರುಗಾದರೆ ಯಂತ್ರ ಕೈಯಿಂದ ಎಳೆದುಕೊಂಡು ಓಡುತ್ತೆ. ದೇವಸ್ಥಾನಕ್ಕೆ ಹೋಗುವ ಯಾರಿಗೂ ಈ ದಿಕ್ಕು ತಪ್ಪೋದಿಲ್ಲ.

ಇನ್ನೊಂದು ವಿಷಯ, ಪದಕ್ಕಿಂತ ಬಳಕೆಯದು. ಸಿದ್ಧವಾಗಿ ಸಿಗೋ ಫಲಕಗಳಲ್ಲಿ "ಕೈಗವಸು ಧರಿಸಿ" ಅಂತ ಇರುತ್ತೆ. ಬೋರ್ಡು ಹೊರುವಾಗ ಅದು ಸರಿ. 18 ಮಿಲಿಮೀಟರಿನ ಎಂಟಡಿ ನಾಲ್ಕಡಿ ಎಂಡಿಎಫ್ ಸುಮಾರು 40 ಕಿಲೋ ತೂಗುತ್ತೆ, ಅಂಚು ಕೈ ಕುಯ್ಯುತ್ತೆ. ಆದರೆ ತಿರುಗೋ ಬ್ಲೇಡಿನ ಮುಂದೆ ಕೈಗವಸು ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತೆ. ಅದಕ್ಕೆ ನಾನು "ಹೊರುವಾಗ ಕೈಗವಸು, ಕೊಯ್ಯುವಾಗ ಬರಿಗೈ" ಅಂತ ಬರೆದಿದ್ದೇನೆ. ಬರಿಗೈ ಅಂದರೆ ದಬ್ಬುಗೋಲೂ ಬೇಡ ಅಂತ ಯಾರಾದರೂ ತಿಳಿದುಕೊಳ್ಳಬಹುದಾ? ಈ ಸಾಲನ್ನು ದಯವಿಟ್ಟು ಒಮ್ಮೆ ನೋಡಿ ಹೇಳಿ.

ಪೇಂಟರ್ ಬರೋದು ಮುಂದಿನ ಭಾನುವಾರ. ಮೂರನೇ ಸಾಲಿನಲ್ಲಿ ದೂಳಿನ ಪದಕ್ಕೆ ಜಾಗ ಬಿಟ್ಟಿದ್ದೇನೆ. ಮಂಗಳೂರು, ಉಡುಪಿ ಕಡೆಯವರು ಹುಡಿ ಅನ್ನುತ್ತೀರಲ್ಲ, ಅದು ಕೆಳಗೆ ಬಿದ್ದದ್ದಕ್ಕೆ ಮಾತ್ರವಾ, ಗಾಳಿಯಲ್ಲಿ ಇರೋದಕ್ಕೂ ಹೇಳುತ್ತೀರಾ? ಧಾರವಾಡ, ಹಾವೇರಿ ಕಡೆ ಹತ್ತಿ ಜಿನ್ನಿನಲ್ಲಿ ಕೆಲಸ ಮಾಡಿದವರು ಮೂಗಿಗೆ ಹೋಗೋ ಅರಳೆಯ ದೂಳಿಗೆ ಏನನ್ನುತ್ತಾರೆ? ಹಿಟ್ಟಿನ ಗಿರಣಿ ಇಟ್ಟವರ ಮನೆಯವರು ಯಾರಾದರೂ ಬಳಗದಲ್ಲಿದ್ದರೆ ಅವರನ್ನು ಮುಖ್ಯವಾಗಿ ಕೇಳುತ್ತೇನೆ. ಡಬ್ಬಕ್ಕೆ ಬೀಳೋದು ಹಿಟ್ಟು ಸರಿ. ಬೀಳದೆ ಮೇಲೆ ಹಾರಿ ಜಂತೆಯ ಮೇಲೆ, ಜೇಡರ ಬಲೆಯ ಮೇಲೆ, ಗಿರಣಿಯವರ ಹುಬ್ಬಿನ ಮೇಲೆ ಕೂರುತ್ತಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಬೇರೆ ಹೆಸರು ಇದೆಯಾ?